ರೆಕಾರ್ಡಿಂಗ್ ಕೇಳಿದ ಮೇಲೆ ಕೋಡುಬಳೆ

ಮೊನ್ನೆ ಸಿಡ್ನಿಗೆ ಹೋಗಿದ್ದಾಗ ಟೂಂಗಾಬಿಯ ಅಂಗಡಿಯೊಂದರಲ್ಲಿ ಕೋಡುಬಳೆ ಪ್ಯಾಕೆಟ್ ಒಡೆದಿತ್ತು. ಇಂಗು, ಓಮ, ಕಾದ ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಎರಡು ಅಂಗೈಗಳು ತಾವಾಗಿಯೇ ಒಂದರ ಮೇಲೊಂದು ಕೂತುಬಿಟ್ಟವು. ಪಕ್ಕದಲ್ಲಿದ್ದ ಹೆಂಗಸು ವಿಚಿತ್ರವಾಗಿ ನೋಡಿದರು. ನೋಡಲಿ ಬಿಡಿ.

ಆ ವಾಸನೆ ನನ್ನ ಕೈಗೆ ಅಂಟಿದ್ದು ವರ್ಷಗಳ ಹಿಂದೆ, ನಾನು ಮೆಲ್ಬರ್ನ್‌ನಲ್ಲಿ ಫೈರ್ ಬ್ರಿಗೇಡ್ ಸೇರಿದ ಹೊಸತರಲ್ಲಿ. ದಾವಣಗೆರೆಯಿಂದ ಓದಲು ಬಂದವಳು, ಇಲ್ಲೇ ಕಾಯಂ ನೆಲೆಸಲು ಪಿಆರ್ ಸಿಕ್ಕಿದ ಮೇಲೆ ಬೆಂಕಿ ಆರಿಸುವ ಕೆಲಸ ಹಿಡಿದೆ ಅಂದಾಗ ಅಮ್ಮ ಫೋನಿನಲ್ಲಿ, "ಯಾಕೆ, ಅಲ್ಲಿ ಗಂಡಸ್ರು ಇಲ್ಲೇನು?" ಅಂದಿದ್ದಳು. ಇಲ್ಲಿ ಯಾರದಾದರೂ ಹೃದಯ ನಿಂತರೆ ಆಂಬುಲೆನ್ಸ್ ಜೊತೆ ನಮ್ಮ ಟ್ರಕ್ಕೂ ಓಡುತ್ತದೆ. ಮೊದಲು ತಲುಪಿದವರು ಎದೆ ಒತ್ತಲು ಶುರು ಮಾಡಬೇಕು. ಈ ಚಿಕಿತ್ಸೆಯ ಉಸ್ತುವಾರಿಗೆಂದೇ ಒಬ್ಬ ಡಾಕ್ಟರ್ ಇದ್ದರು. ಅವರು ಸಹಿ ಹಾಕುವವರೆಗೆ ಹೊಸಬರು ಟ್ರಕ್ಕಿನ ಕ್ಯಾಪ್ಟನ್ ಕಣ್ಣೆದುರಲ್ಲಿ ಬಿಟ್ಟು ರೋಗಿಯನ್ನು ಮುಟ್ಟುವಂತಿರಲಿಲ್ಲ. ಪ್ರೊಬೇಷನ್ ಮುಗಿಯುವುದರೊಳಗೆ ಆ ಸಹಿ ಸಿಗದಿದ್ದರೆ ನನಗೆ ಕೆಲಸವೂ ಇಲ್ಲ.

ಅವರು ಮೈಸೂರಿನವರು, ಅರವತ್ತು ದಾಟಿದ, ನನ್ನ ಭುಜದೆತ್ತರದ ಹೆಂಗಸು. ಸ್ಟೇಷನ್ನಿನವರೆಲ್ಲ "ಡಾಕ್" ಅಂತಿದ್ದರು, ನಾನು ಡಾಕ್ಟರಮ್ಮ ಅಂತಿದ್ದೆ. ಅವರದೊಂದು ಪದ್ಧತಿಯಿತ್ತು. ಇಂಥ ತುರ್ತು ಕರೆ, ನಮ್ಮ ಬಾಯಲ್ಲಿ ‘ಕಾಲ್’, ಬಂದುಹೋದ ಮರುದಿನ ಮನೆಯಲ್ಲಿ ಕರಿದ ಕೋಡುಬಳೆ ತುಂಬಿದ ಐಸ್‌ಕ್ರೀಮ್ ಡಬ್ಬಿ ಹಿಡಿದು ಬರುತ್ತಿದ್ದರು. ಹೃದಯಕ್ಕೆ ಶಾಕ್ ಕೊಡುವ ಮೆಷಿನ್ ಅಲ್ಲಿಯ ಸದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡಿರುತ್ತಿತ್ತು. ಅದನ್ನು ಪೂರ್ತಿ ಕೇಳಿ, ಎದೆ ಒತ್ತುವ ಕೈ ಎಷ್ಟು ಹೊತ್ತು ನಿಂತಿತ್ತೆಂದು ಲೆಕ್ಕ ಒಪ್ಪಿಸಿದ ಮೇಲೆಯೇ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದರು. ಆರಡಿ ಎತ್ತರದ ಗಂಡಸರು ಕೋಡುಬಳೆಗಾಗಿ ಶಾಲೆ ಮಕ್ಕಳ ಹಾಗೆ ಕಾದು ಕೂರುತ್ತಿದ್ದರು.

ನನ್ನ ಮೊದಲ ಕಾಲ್ ಕನ್ನಡದವರ ಮನೆಗೇ ಬಿತ್ತು. ಮನೆಯ ಯಜಮಾನರು ನೆಲದ ಮೇಲೆ ಬಿದ್ದಿದ್ದರು. ನಾನು ಎದೆ ಒತ್ತುತ್ತಿದ್ದಾಗ ಅವರ ಗಂಟಲಿಂದ ಗೊರಕೆಯಂಥ ಸದ್ದು ಬಂತು. ಹೆಂಡತಿ ನನ್ನ ತೋಳು ಹಿಡಿದು, "ಉಸಿರಾಡ್ತಿದಾರೆ ಕಣಮ್ಮ... ಬಿಟ್ಬಿಡು, ನೋವಾಗುತ್ತೆ ಅವರಿಗೆ" ಅಂದರು. ನನ್ನ ಜೊತೆಯವರ ಕಿವಿಗೆ ಅದು ಬರೀ ಅಳು. ನನಗೆ ಒಂದೊಂದು ಮಾತೂ ಅರ್ಥವಾಯಿತು. ಕೈ ತೆಗೆದೆ. ಕ್ಯಾಪ್ಟನ್ ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ಮುಂದುವರಿಸಿದ. ಅವರು ಉಳಿಯಲಿಲ್ಲ...

ಮರುದಿನ ರೆಕಾರ್ಡಿಂಗ್ ಹಾಕಿದಾಗ ಆ ಕನ್ನಡದ ಅಳು ಸ್ಟೇಷನ್ನಿನ ಅಡುಗೆಮನೆಯಲ್ಲಿ ಮತ್ತೆ ಕೇಳಿಸಿತು. ಹದಿನೇಳು ಸೆಕೆಂಡು ನನ್ನ ಕೈ ನಿಂತಿತ್ತು. ಡಾಕ್ಟರಮ್ಮ ನನ್ನನ್ನು ಹೊರಗೆ ಕರೆದು, "ಅದು ಉಸಿರಲ್ಲ, ಹೃದಯ ನಿಂತ ಮೇಲೂ ಆ ಸದ್ದು ಬರುತ್ತೆ. ನೀನು ಬಿಡದೇ ಇದ್ದಿದ್ರೆ ಉಳೀತಿದ್ರೋ ಇಲ್ವೋ, ನಂಗೊತ್ತಿಲ್ಲ. ಆದ್ರೆ ನಾನು ಈಗ ಸೈನ್ ಮಾಡಲ್ಲ, ನಾನು ಹೇಳೋವರೆಗೆ ನೀನು ರೋಗೀನ ಮುಟ್ಟೋದೂ ಬೇಡ" ಅಂದರು. ಅವತ್ತು ಡಬ್ಬಿ ಮುಚ್ಚಿದ್ದು ಮುಚ್ಚಿದ ಹಾಗೇ ವಾಪಸ್ ಹೋಯಿತು. ಅವರ ಮೇಲೆ ನನಗೆ ಕೆಟ್ಟ ಕೋಪ ಬಂತು. ನನ್ನ ಮೇಲೆ ಅದಕ್ಕಿಂತ ಹೆಚ್ಚು.

ಮುಂದಿನ ವಾರದಿಂದ ನನಗೊಂದು ಪಾಠ ಶುರುವಾಯಿತು. ರಬ್ಬರ್ ಗೊಂಬೆಯ ಎದೆ ನಾನು ಒತ್ತಬೇಕು. ಪಕ್ಕದಲ್ಲಿ ಅಷ್ಟು ದೊಡ್ಡ ಡಾಕ್ಟರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, "ಅಯ್ಯೋ, ನಮ್ಮನೆಯವರನ್ನ ಬಿಟ್ಬಿಡಮ್ಮ!" ಎಂದು ಗೋಳಾಡುತ್ತಿದ್ದರು. ಸ್ಟೇಷನ್ನಿನವರು ಚಹಾ ಕಪ್ಪು ಹಿಡಿದು ಬೆಪ್ಪಾಗಿ ನೋಡುತ್ತಿದ್ದರು. ಮೊದಮೊದಲು ನನಗೆ ನಗು ಬರುತ್ತಿತ್ತು, ಆಮೇಲೆ ಅಳು. ಒಂದು ದಿನ ಕೈ ನಿಲ್ಲಿಸದೆಯೇ ಉತ್ತರ ಕೊಟ್ಟೆ: "ಕೈ ತೆಗೆದ್ರೆ ಹೋಗ್ಬಿಡ್ತಾರೆ ಅಮ್ಮ. ನನ್ ಜೊತೆ ನೀವೂ ಎಣಿಸಿ." ಡಾಕ್ಟರಮ್ಮ ಗೋಳಾಟ ನಿಲ್ಲಿಸಿ ಕಣ್ಣೊರೆಸಿಕೊಂಡರು. ಅದು ನಟನೆಯೋ ನಿಜವೋ, ಕೇಳಲಿಲ್ಲ. ಮುಂದಿನ ಒಂದು ಕಾಲ್‌ನಲ್ಲಿ ಮಾತ್ರ, ಕ್ಯಾಪ್ಟನ್ ಕಣ್ಣೆದುರಲ್ಲೇ, ಮತ್ತೆ ರೋಗಿಯನ್ನು ಮುಟ್ಟಲು ಒಪ್ಪಿಗೆ ಕೊಟ್ಟರು.

ಪ್ರೊಬೇಷನ್ ಮುಗಿಯಲು ಇನ್ನು ಒಂಬತ್ತೇ ದಿನ. ಭಾನುವಾರ ಬೆಳಿಗ್ಗೆ ಗ್ಲೆನ್ ವೇವರ್ಲಿಯಲ್ಲಿ ಬ್ಯಾಡ್ಮಿಂಟನ್ ಆಡುತ್ತಿದ್ದವರೊಬ್ಬರು ಕುಸಿದರು. ಓಡಿ ಹೋಗಿ ನೋಡಿದರೆ ಮತ್ತೆ ಕನ್ನಡ! ಅವರ ಹೆಂಡತಿ ನನ್ನ ಭುಜ ಜಗ್ಗಿ, "ಮೂಳೆ ಮುರೀತಿದೀಯಲ್ಲೇ, ಸಾಕು ಬಿಡೇ" ಎಂದು ಕಿರುಚಿದರು. ನನ್ನ ಕೈ ನಿಲ್ಲಲಿಲ್ಲ. "ಎಣಿಸಿ ಅಮ್ಮ, ಜೋರಾಗಿ" ಅಂದೆ. ಆಕೆ ಎಣಿಸಿದರು. ಮೆಷಿನ್ ಒಂದು ಶಾಕ್ ಕೊಟ್ಟಿತು, ಇನ್ನೊಂದು ಕೊಟ್ಟಿತು. ಆಂಬುಲೆನ್ಸ್ ಬರುವಷ್ಟರಲ್ಲಿ ಆ ಮನುಷ್ಯನ ಕುತ್ತಿಗೆಯಲ್ಲಿ ನಾಡಿ ಬಡಿಯುತ್ತಿತ್ತು.

ಮರುದಿನ ರೆಕಾರ್ಡಿಂಗ್‌ನಲ್ಲಿ ಆ ತಾಯಿಯ ದನಿ, "ಇಪ್ಪತ್ತೆಂಟು, ಇಪ್ಪತ್ತೊಂಬತ್ತು, ಮೂವತ್ತು..." ಶಾಕ್‌ಗಾಗಿ ಕೈ ತೆಗೆಯಿರಿ ಎಂದು ಮೆಷಿನ್ ಹೇಳಿದಾಗ ಬಿಟ್ಟರೆ ನನ್ನ ಕೈ ಎಲ್ಲೂ ನಿಂತಿರಲಿಲ್ಲ. ಡಾಕ್ಟರಮ್ಮ ನನ್ನ ಫಾರ್ಮನ್ನು ಕೋಡುಬಳೆ ಡಬ್ಬಿಯ ಮೇಲೆಯೇ ಇಟ್ಟು ಸಹಿ ಹಾಕಿದರು, ಆಮೇಲೆ ಮುಚ್ಚಳ ತೆಗೆದು ಮೊದಲನೆಯದನ್ನು ನನ್ನ ಬಾಯಿಗೇ ಇಟ್ಟರು. ಸ್ಟೇಷನ್ ಪೂರ್ತಿ ಚಪ್ಪಾಳೆ. ಆರು ವಾರ ಕಳೆದು ಆ ಮನುಷ್ಯ ತಮ್ಮ ಕಾಲಲ್ಲೇ ನಡೆದು ಸ್ಟೇಷನ್ನಿಗೆ ಬಂದರು. ಅಷ್ಟು ಖುಷಿ ನನಗೆ ಪಿಆರ್ ಸಿಕ್ಕಾಗಲೂ ಆಗಿರಲಿಲ್ಲ.

ನಿವೃತ್ತಿಯಾದ ಮೇಲೆ ಡಾಕ್ಟರಮ್ಮ ಟೂಂಗಾಬಿಯಲ್ಲಿದ್ದ ಮಗಳ ಮನೆ ಸೇರಿದರು. ಮೊನ್ನೆ ನಾನು ಸಿಡ್ನಿಗೆ ಹೋದದ್ದು ಅವರ ವೈಕುಂಠ ಸಮಾರಾಧನೆಗೆ. ಕ್ಯಾನ್ಸರ್ ಮೈಯೆಲ್ಲ ಹರಡಿತ್ತಂತೆ. ತಮ್ಮ ಹೃದಯ ನಿಂತರೆ ಯಾರೂ ಎದೆ ಒತ್ತಬಾರದು ಎಂದು ತಾವೇ ಬರೆದಿಟ್ಟಿದ್ದರಂತೆ. ಮಗಳು ಆ ಕಾಗದ ತೆಗೆದು ನನಗೆ ಓದಿ ಹೇಳಿದರು. ನನ್ನ ಕೈಗಳಿಗೆ ಅವತ್ತು ಮಾಡಲು ಏನೂ ಇರಲಿಲ್ಲ...

ಒಡೆಯದಿದ್ದ ನಾಲ್ಕು ಪ್ಯಾಕೆಟ್ ಕೋಡುಬಳೆ ಕೊಂಡು ತಂದಿದ್ದೇನೆ. ಅವರು ಕರಿದದ್ದರ ರುಚಿ ಇದಕ್ಕೆಲ್ಲಿಂದ ಬರಬೇಕು. ನಾಳೆ ಸ್ಟೇಷನ್ನಿನಲ್ಲಿ ಹೊಸ ಹುಡುಗಿಯೊಬ್ಬಳ ಮೊದಲ ರೆಕಾರ್ಡಿಂಗ್ ಕೇಳಬೇಕು. ಅದು ಮುಗಿಯುವವರೆಗೆ ಯಾರಿಗೂ ಒಂದು ಚೂರೂ ಕೊಡುವುದಿಲ್ಲ, ನಾನೂ ತಿನ್ನುವುದಿಲ್ಲ.