ಇಲ್ಲದ ತಗ್ಗು

ಹೋದ ವಾರ ಹಾನಗಲ್ಲಿನ ಬಸ್ ನಿಲ್ದಾಣದ ಹತ್ತಿರ ನನ್ನ ಸ್ಕೂಟರಿನ ಹಿಂದಿನ ಗಾಲಿ ಪಂಕ್ಚರ್ ಆಯಿತು. ಅಂಗಡಿಯವನು ಟ್ಯೂಬನ್ನು ಉಜ್ಜಿ, ಸಲ್ಯೂಷನ್ ಹಚ್ಚಿ, ಬಾಯಿಂದ ಊದಿ ಒಣಗಿಸುತ್ತಿದ್ದ. ನಾನು ಪಕ್ಕದ ಕಟ್ಟೆಯ ಮೇಲೆ ಉತ್ತರಪತ್ರಿಕೆಗಳ ಕಟ್ಟನ್ನು ತೊಡೆಯಲ್ಲಿಟ್ಟುಕೊಂಡು ಕುಳಿತಿದ್ದೆ. ಆ ಸಲ್ಯೂಷನ್ನಿನ ವಾಸನೆ ನಿಮಗೂ ಗೊತ್ತಿರಬೇಕು: ತುಸು ಸಿಹಿ, ತುಸು ತಲೆ ಸುತ್ತಿಸುವಂಥದು. ಬಹಳ ಜನಕ್ಕೆ ಅದು ಬಾಲ್ಯದ ವಾಸನೆ. ನನಗೆ ನಡುವಯಸ್ಸಿನದು. ಓರಗೆಯವರೆಲ್ಲ ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳಲು ಶುರುಮಾಡಿದ ಕಾಲಕ್ಕೆ ಗುಡ್ಡ ಹತ್ತುವ ಸೈಕಲ್ಲು ಕಲಿತವಳು ನಾನು.

ವಾಸನೆಯ ಬೆನ್ನಿಗೇ ಅನ್ವರ್ ನೆನಪಾದ.

‘ನೆನಪಾದ’ ಎಂದು ಬರೆಯುವಾಗ ಕೈ ಸ್ವಲ್ಪ ತಡೆಯುತ್ತದೆ. ನಾನು ದಿನಚರಿ ಬರೆಯುವವಳು, ಮೇಲಾಗಿ ಇತಿಹಾಸ ಕಲಿಸುವವಳು. ಎರಡೂ ಸೇರಿ ನೆನಪಿನ ಮೇಲಿನ ನನ್ನ ನಂಬಿಕೆಯನ್ನು ಕೆಡಿಸಿವೆ. ಆ ದಿನಗಳ ಪುಟ ತೆಗೆದರೆ ‘ಮಾಸೂರು. ಗಾಳಿ ಬಹಳ. ಸೊಂಟ ಹಿಡಿದಿದೆ’ ಎಂದಿದೆ, ಅಷ್ಟೇ. ದೊಡ್ಡದು ಏನಾದರೂ ಆದ ದಿನ ನಾನು ಸೊಂಟದ ಬಗ್ಗೆ ಬರೆದಿರುತ್ತೇನೆ, ಅದು ನನ್ನ ರೂಢಿ. ಆದ್ದರಿಂದ ಮುಂದೆ ಹೇಳುವ ಮಾತುಗಳೆಲ್ಲ ಹೀಗೇ ಇದ್ದವೆಂದು ಪ್ರಮಾಣ ಮಾಡಲಾರೆ. ಅನ್ವರ್ ಕಾಲುವೆಯ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕುಳಿತು ಆಡಿದ ಮಾತು ಮಾತ್ರ ಹಾಗೆಯೇ ಇತ್ತು. ಅದರಲ್ಲಿ ಒಂದಕ್ಷರ ಬದಲಾಗಿಲ್ಲ.

ನಮ್ಮದು ನಾಲ್ಕು ಊರಿನ ನಾಲ್ಕು ಜನರ ತಂಡ. ಶಿಗ್ಗಾವಿಯ ರಾಘಣ್ಣ ದಂತವೈದ್ಯ, ತಂಡದ ನಾಯಕ. ಅವರದು ಮಾಧ್ವ ವಿದ್ವಾಂಸರ ಮನೆತನ. "ನಮ್ಮಜ್ಜ ಸೂತ್ರಕ್ಕ ಅರ್ಥ ತೆಗೀತಿದ್ದ, ನಾ ಹಲ್ಲು ತೆಗೀತೀನಿ" ಎಂದು ತಾವೇ ಹೇಳಿ ತಾವೇ ನಗುವರು. ಹಿರೇಕೆರೂರಿನ ಬಸು ಬಿತ್ತನೆ ಬೀಜದ ಅಂಗಡಿಯವನು. ಮಾತು ಕಡಿಮೆ, ತೊಡೆ ಗಟ್ಟಿ. ಸವಣೂರಿನ ಅನ್ವರನದು ಗಾದಿ ಅಂಗಡಿ. ವಾರವಿಡೀ ಹತ್ತಿಯ ನಡುವೆ ಕುಳಿತು ಜನರ ಬೆನ್ನಿಗೆ ಮೆತ್ತಗಾಗುವುದನ್ನು ಹೊಲಿಯುತ್ತಿದ್ದ ಅವನಿಗೆ ಭಾನುವಾರ ಬಂತೆಂದರೆ ಕಲ್ಲೇ ಬೇಕು. ನಾಲ್ಕನೆಯವಳು ನಾನು. ನನ್ನನ್ನು ಸೇರಿಸಿಕೊಂಡದ್ದು ಶಕ್ತಿ ನೋಡಿ ಅಲ್ಲ. ಸಾಹಸ ಸ್ಪರ್ಧೆಗಳಲ್ಲಿ ಪ್ರತಿ ತಂಡದಲ್ಲೂ ಒಬ್ಬ ಹೆಂಗಸು ಇರಲೇಬೇಕೆಂಬ ನಿಯಮವಿದೆ. ಆ ನಿಯಮವೇ ನನ್ನ ಅರ್ಹತೆ.

ಇಂಥ ಸ್ಪರ್ಧೆ ನೋಡದವರಿಗೆ ಒಂದು ಮಾತು. ನಕಾಶೆ ಹಿಡಿದು ದಾರಿ ಹುಡುಕುತ್ತ ಗುಡ್ಡಗಳಲ್ಲಿ ಸೈಕಲ್ ಹೊಡೆಯಬೇಕು, ಓಡಬೇಕು, ಕೆರೆ ಸಿಕ್ಕರೆ ದೋಣಿಯಲ್ಲಿ ದಾಟಬೇಕು. ನಾಲ್ವರೂ ಒಟ್ಟಿಗೇ ಮುಗಿಸಬೇಕು. ಕೊನೆಯವರು ಮುಟ್ಟಿದಾಗಲೇ ತಂಡ ಮುಟ್ಟಿದಂತೆ. ನಮ್ಮ ತಂಡದ ಕೊನೆಯವರು ಯಾರೆಂದು ಹೇಳಬೇಕಾಗಿಲ್ಲ. ನಾವು ಎಂದೂ ಗೆದ್ದವರಲ್ಲ. ಒಮ್ಮೆ ನಮ್ಮ ಹಿಂದೆಯೂ ಒಂದು ತಂಡ ಬಂತೆಂದು ಬಂಕಾಪುರದಲ್ಲಿ ಬುಟ್ಟಿಗಟ್ಟಲೆ ಮಿರ್ಚಿ ತಿಂದು ಸಂಭ್ರಮಪಟ್ಟಿದ್ದೆವು.

ಗೆಲ್ಲದಿದ್ದರೂ ನಮ್ಮಲ್ಲೊಂದು ಚೆಂದದ ಪದ್ಧತಿ ಇತ್ತು. ಸಾಲಿನಲ್ಲಿ ಮುಂದಿನವರು ನೆಲದಲ್ಲಿ ಕಂಡದ್ದನ್ನು ಕೂಗುವುದು, ಹಿಂದಿನವರು ಅದನ್ನೇ ಕೂಗಿ ಇನ್ನೂ ಹಿಂದಿನವರಿಗೆ ಮುಟ್ಟಿಸುವುದು. "ಕಲ್ಲು, ಎಡಕ್ಕ." "ತಗ್ಗು." "ಗರಸು" ಎಂದರೆ ಸಡಿಲ ಜಲ್ಲಿಮಣ್ಣು, ಬ್ರೇಕು ಒತ್ತಬೇಡಿ. "ಎಮ್ಮಿ" ಎಂದರೆ ಎಮ್ಮೆಯೇ. ಒಂದು ಬೆಳಿಗ್ಗೆ ವಾಯುವಿಹಾರಕ್ಕೆ ಬಂದಿದ್ದ ನಮ್ಮ ಕಾಲೇಜಿನ ಪ್ರಾಂಶುಪಾಲರು ಎದುರಾದಾಗ ನಾನು ಗಾಬರಿಯಲ್ಲಿ "ಪ್ರಿನ್ಸಿಪಾಲ್, ಬಲಕ್ಕ" ಎಂದು ಕೂಗಿದೆ. ಹಿಂದಿದ್ದ ಬಸು ಚಾಚೂ ತಪ್ಪದೆ ಅದನ್ನೂ ಕೂಗಿ ದಾಟಿಸಿದ. ಪದ್ಧತಿಯ ಬಲ ಅಂಥದು. ಕೂಗು ಬಂತೆಂದರೆ ಯಾರೂ ಯೋಚಿಸುತ್ತಿರಲಿಲ್ಲ. ಮೈ ತಾನೇ ಓಲುತ್ತಿತ್ತು.

ಆಡೂರಿನ ಆಚೆ ಒಂದು ಗುಡ್ಡದ ಇಳಕಲು ಇತ್ತು. ನಾನು ಅದನ್ನು ಸೈಕಲ್ ಹೆಗಲಿಗೆ ಹಾಕಿಕೊಂಡೇ ಇಳಿಯುತ್ತಿದ್ದೆ. ಅನ್ವರ್ ನೆತ್ತಿಯಲ್ಲಿ ಒಂದು ಕ್ಷಣ ನಿಂತು, ಸೀಟಿನಿಂದ ಎದ್ದು, ಹ್ಯಾಂಡಲ್ಲನ್ನು ಹಿಡಿದೂ ಹಿಡಿಯದಂತೆ ಹಿಡಿದು ಬಿಟ್ಟುಬಿಡುತ್ತಿದ್ದ. ಗಾಲಿಯ ಸದ್ದಷ್ಟೇ ಕೇಳುತ್ತಿತ್ತು. ನಾನು ಏದುಸಿರು ಬಿಡುತ್ತ ಕೆಳಗೆ ಮುಟ್ಟುವ ಹೊತ್ತಿಗೆ ಅವನು ಯಾವ ಕಲ್ಲು ತನಗೆ ಏನು ಹೇಳಿತೆಂದು ಬಸುವಿಗೆ ವಿವರಿಸುತ್ತಿರುತ್ತಿದ್ದ. ಬಸು ಹೂಂಗುಟ್ಟುತ್ತಿದ್ದ.

ಆ ಅನ್ವರನ ಕಣ್ಣು ಹೋಗತೊಡಗಿತು.

ಬಂಕಾಪುರದ ರಸ್ತೆಬದಿಯ ಚಹಾದಂಗಡಿಯಲ್ಲಿ ಅವನು ಅದನ್ನು ನಮಗೆ ಹೇಳಿದ. ಕೋಟೆಯ ಕಡೆಯಿಂದ ನವಿಲು ಕೂಗುತ್ತಿತ್ತು, ಅಥವಾ ನವಿಲನ್ನು ನಾನು ಆಮೇಲೆ ಸೇರಿಸಿಕೊಂಡೆನೋ ಏನೋ. ಮೊದಲು ಕತ್ತಲಲ್ಲಿ ಕಾಣದಾಯಿತಂತೆ. ಆಮೇಲೆ ಹಗಲಲ್ಲೂ ಅಂಚಿನಿಂದ ಒಳಕ್ಕೆ ಮುಚ್ಚುತ್ತ ಬಂತಂತೆ. ಹುಬ್ಬಳ್ಳಿಯ ಕಣ್ಣಿನ ಡಾಕ್ಟರು ಇದಕ್ಕೆ ಔಷಧಿ ಇಲ್ಲ, ಹೋದದ್ದು ಬರುವುದಿಲ್ಲ, ಉಳಿದದ್ದೂ ನಿಧಾನಕ್ಕೆ ಹೋಗುತ್ತದೆ ಎಂದಿದ್ದರು. ದೂರದ್ದು ನೇರಕ್ಕೆ ಕಾಣುತ್ತದೆ, ಕೊಳವೆಯೊಳಗಿಂದ ನೋಡಿದಂತೆ. ಗಾಲಿಯ ಬುಡದ ನೆಲ ಕಾಣುವುದಿಲ್ಲ, ಎಂದ. ಚಹಾದ ಲೋಟ ಕೆಳಗಿಟ್ಟು ಅವನೇ ಮುಂದುವರಿಸಿದ.

"ನಂದೊಂದಽ ಆಶಾ ಐತ್ರಿ. ಪೂರಾ ಹೋಗೂದ್ರಾಗ ಆಡೂರ ಇಳಕಲ ಇನ್ನೊಮ್ಮಿ ಇಳೀಬೇಕು. ನೀವು ಮುಂದ ಕೂಗ್ರಿ, ನಾ ಹಿಂದ ಇಳೀತೇನಿ."

ರಾಘಣ್ಣ ಆಗಲಿ ಎಂದರು. ಆದರೆ ಮೊದಲು ಮಾಸೂರಿನ ಹತ್ತಿರ, ಮದಗದ ಕೆರೆಯ ಹಿಂದಿನ ಕಲ್ಲುದಾರಿಯಲ್ಲಿ ಅಭ್ಯಾಸ ಮಾಡೋಣ, ಕೂಗು ಕೇಳಿ ಸೈಕಲ್ ಹೊಡೆಯುವುದು ರೂಢಿಯಾಗಲಿ, ಆಮೇಲೆ ಆಡೂರು ಎಂದರು. ಅನ್ವರನ ಮುಖ ಅರಳಿತು.

ಅವನು ಎದ್ದು ಹೋದಮೇಲೆ ರಾಘಣ್ಣ ತಮ್ಮ ಮನಸ್ಸಿನಲ್ಲಿದ್ದುದನ್ನು ನಮಗೆ ಹೇಳಿದರು. ಕೆರೆಯ ಹಿಂದೆ ಎರಡು ದಾರಿಗಳಿವೆ. ಒಂದು ಗುಡ್ಡದ ಬುಡದ ಕಲ್ಲುದಾರಿ, ಇನ್ನೊಂದು ಕಾಲುವೆಯ ದಂಡೆಯ ನುಣ್ಣನೆಯ ಮಣ್ಣುದಾರಿ. ನಾವು ಕಾಲುವೆಯ ದಾರಿ ಹಿಡಿಯುವುದು, ಅನ್ವರನಿಗೆ ಇದು ಕಲ್ಲುದಾರಿ ಎನ್ನುವುದು, ಕಲ್ಲಿದ್ದಂತೆ ಕೂಗುವುದು. ಅವನಿಗೆ ಕಲ್ಲು ದಾಟಿದ ಸುಖ ಸಿಗುತ್ತದೆ, ಬೀಳುವ ಭಯ ಇರುವುದಿಲ್ಲ. ನಾಲ್ಕಾರು ವಾರ ಹೀಗೆ ಕಳೆದರೆ ಆಡೂರಿನ ಮಾತು ತಾನಾಗಿಯೇ ಹಿಂದೆ ಬೀಳುತ್ತದೆ.

"ಅಂವ ಬಿದ್ದು ಏನರ ಆದ್ರ, ಅವನ ಹೆಂಡತಿ ಮುಂದ ಯಾರು ಹೋಗಿ ನಿಂದರವ್ರು? ನೀವು ನಿಂದರತೀರಿ?" ಎಂದು ಅವರು ಕೇಳಿದರು. ನಾನೂ ಬಸುವೂ ಒಪ್ಪಿದೆವು. ರಾಘಣ್ಣನವರನ್ನು ಕೆಟ್ಟವರೆಂದು ಬರೆದರೆ ಸುಲಭ, ಆದರೆ ಅವರು ಕೆಟ್ಟವರಲ್ಲ. ನಾವು ಯಾರೂ ಅಲ್ಲ. ಕಷ್ಟ ಇರುವುದೇ ಅಲ್ಲಿ.

ಹೀಗೆ ಮಾಸೂರಿನ ಭಾನುವಾರಗಳು ಶುರುವಾದವು. ರೊಟ್ಟಿಯ ಬುತ್ತಿ ಕಟ್ಟಿಕೊಂಡು, ರಾಘಣ್ಣನವರ ಜೀಪಿನ ಮೇಲೆ ಸೈಕಲ್ಲುಗಳನ್ನು ಬಿಗಿದುಕೊಂಡು ಹೋಗುತ್ತಿದ್ದೆವು. ಮುಂದೆ ರಾಘಣ್ಣ, ಆಮೇಲೆ ನಾನು, ಬಸು, ಕೊನೆಗೆ ಬಸುವಿನ ಬೆನ್ನನ್ನಷ್ಟೇ ನೋಡುತ್ತ ಅನ್ವರ್. ಮೊದಲ ಸುಳ್ಳು ಕಲ್ಲನ್ನು ರಾಘಣ್ಣ ಕೂಗಿದರು. ನಾನು ಕೂಗಿದೆ. ಬಸು ಕೂಗಿದ. ಇಲ್ಲದ ಕಲ್ಲು ನಮ್ಮ ಬಾಯಿಂದ ಬಾಯಿಗೆ ದಾಟಿ ಅನ್ವರನನ್ನು ಮುಟ್ಟಿತು. ನಾನು ತಿರುಗಿ ನೋಡಿದೆ. ಅವನು ಹೆಗಲು ಓರೆಮಾಡಿ, ಬಯಲಿನಷ್ಟು ಸಪಾಟಾದ ನೆಲದಲ್ಲಿ ಒಂದು ಕಲ್ಲನ್ನು ಬಹಳ ಚೆಂದವಾಗಿ ತಪ್ಪಿಸಿದ.

ಕಲ್ಲಿಲ್ಲದ್ದು ಗಾಲಿಗೆ ತಿಳಿಯದೇ ಎಂದು ಬಸು ಒಮ್ಮೆ ಕೇಳಿದ್ದ. ಮುಂದಿನ ಗಾಲಿಗೆ ಸ್ಪ್ರಿಂಗು ಇದೆಯಲ್ಲ, ಪೆಟ್ಟನ್ನು ಅದು ನುಂಗಿತೆಂದು ತಿಳಿಯುತ್ತಾನೆ, ಎಂದರು ರಾಘಣ್ಣ. ಓದಿದವರ ಸಮಾಧಾನಗಳು ಹೀಗೆಯೇ, ಯಂತ್ರದ ಮೇಲೆ ಭಾರ ಹಾಕುತ್ತವೆ.

ವಾರಗಳು ಕಳೆದಂತೆ ಅನ್ವರ್ ಸುಮ್ಮನಾಗುತ್ತ ಬಂದ. ಇಳಿದಮೇಲೆ ಕಲ್ಲುಗಳ ಕತೆ ಹೇಳುವುದನ್ನು ಬಿಟ್ಟ. ಗಾಲಿಯ ಗಾಳಿ ಇಳಿಸಿ ನೋಡಿದ, ಏರಿಸಿ ನೋಡಿದ. ಕೈಗವಸು ತೆಗೆದು ಬರಿಗೈಯಲ್ಲಿ ಹ್ಯಾಂಡಲ್ ಹಿಡಿದ. ಒಂದು ಸಲ ಬುತ್ತಿ ಬಿಚ್ಚುವಾಗ ತನ್ನ ಅಂಗೈಯನ್ನು ಇನ್ನೊಂದು ಕೈಯ ಉಗುರಿನಿಂದ ಒತ್ತಿ ಒತ್ತಿ ನೋಡಿಕೊಳ್ಳುತ್ತಿದ್ದ. ಬಸುವನ್ನು, ನಿನ್ನ ಕೈಗೆ ಕಲ್ಲಿನ ಪೆಟ್ಟು ತಿಳಿಯುತ್ತದೆಯೇ ಎಂದು ಕೇಳಿದ. ಬಸು ತಲೆ ತಗ್ಗಿಸಿ ಹೂಂ ಎಂದ. ಅನ್ವರ್ ರೊಟ್ಟಿ ಮುರಿದು ಕೈಯಲ್ಲೇ ಹಿಡಿದು ಕುಳಿತ. ಕಣ್ಣಿನ ಚಿಂತೆ ಎಂದು ನಾನು ತಿಳಿದೆ.

ಆಮೇಲಿನ ಭಾನುವಾರವೋ ಅದರ ಮುಂದಿನದೋ, ಕಾಲುವೆಯ ಪಕ್ಕದ ಗದ್ದೆಯಲ್ಲಿ ಹೆಂಗಸರು ಕಳೆ ತೆಗೆಯುತ್ತಿದ್ದರು. ರಾಘಣ್ಣ "ತಗ್ಗು" ಎಂದು ಕೂಗಿದರು. ಕೂಗು ಹಿಂದಕ್ಕೆ ದಾಟಿತು. ಅನ್ವರ್ ಸೀಟಿನಿಂದ ಎದ್ದು, ಹ್ಯಾಂಡಲ್ ಎಳೆದು, ಎರಡೂ ಗಾಲಿಗಳನ್ನು ನೆಲದಿಂದ ಎತ್ತಿ ಹಾರಿದ.

ಗದ್ದೆಯಲ್ಲಿ ನಗು ಎದ್ದಿತು.

"ಏ ಯಕ್ಕಾ, ನೋಡಽ ಇಲ್ಲೆ. ಇಲ್ಲದ ತಗ್ಗು ಹಾರ್ತಾನ ಇಂವ" ಎಂದಳು ಒಬ್ಬಳು. "ಪ್ಯಾಟಿ ಮಂದಿಗೆ ತಗ್ಗೂ ಮನ್ಯಾಗಿಂದ ಕಟಗೊಂಡ ಬರಬೇಕವಾ" ಎಂದಳು ಮತ್ತೊಬ್ಬಳು. ಮತ್ತೆ ನಗು.

ಬ್ರೇಕಿನ ಸದ್ದು ಕೇಳಿ ನಾವು ತಿರುಗಿದೆವು. ಅನ್ವರ್ ಇಳಿದು ನಿಂತಿದ್ದ. ನಗು ಬಂದ ಕಡೆ ಮುಖಮಾಡಿ ಬಹಳ ಮರ್ಯಾದೆಯಿಂದ ಕೇಳಿದ: "ಯವ್ವಾ, ಇಲ್ಲಿ ತಗ್ಗಿಲ್ಲೇನವಾ?"

"ಎಲ್ಲಿ ತಗ್ಗಪ್ಪಾ. ರೊಟ್ಟಿ ಹಂಚಿನಂಗ ಐತಿ ದಾರಿ."

ಅವನ ದನಿಯಲ್ಲಿ ಏನು ಕೇಳಿಸಿತೋ, ಆ ಹೆಂಗಸು ನಗು ನಿಲ್ಲಿಸಿ ಕಳೆಯ ಕಡೆ ಬಗ್ಗಿದಳು. ಅನ್ವರ್ ಸೈಕಲ್ಲನ್ನು ಮಲಗಿಸಿ ಕುಕ್ಕರಗಾಲಲ್ಲಿ ಕುಳಿತ. ಅಂಗೈಯನ್ನು ನೆಲಕ್ಕೆ ಊರಿ ಸವರಿದ, ಗಾದಿಯ ಮೇಲೆ ಹತ್ತಿಯ ಗಂಟು ಉಳಿದಿದೆಯೇ ಎಂದು ಸವರಿದಂತೆ. ಮುಂದೆ ಸವರಿದ, ಹಿಂದೆ ಸವರಿದ. ತಲೆ ಎತ್ತದೆಯೇ ಆ ಮಾತು ಆಡಿದ.

"ಕಣ್ಣು ಹೋದ್ವು, ಈಗ ಕೈಕಾಲಿನ ಖಬರೂ ಹೋತು ಅಂತ ಅಂಜಿದ್ದೆ. ನನ್ನ ಮೈ ಖರೇ ಹೇಳಾಕತ್ತಿತ್ತು. ನಾ ಅದನ್ನ ಬಿಟ್ಟು ನಿಮ್ಮನ್ನ ನಂಬಿದೆ."

ರಾಘಣ್ಣ ಅವನ ಎದುರು ಕುಳಿತು ಕೈ ಹಿಡಿದುಕೊಂಡರು. ತಪ್ಪಾಯಿತು ಎಂದರು. ಬರುವ ಭಾನುವಾರವೇ ಆಡೂರಿಗೆ ಹೋಗೋಣ, ನಾನೇ ಮುಂದೆ ಇರುತ್ತೇನೆ, ಇದ್ದದ್ದನ್ನೇ ಕೂಗುತ್ತೇನೆ ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅನ್ವರನಿಗೆ ಅದು ಕಂಡಿರಲಾರದು.

"ಹೆಂಗ ಇಳೀಲ್ರಿ ಡಾಕ್ಟರ" ಎಂದ ಅವನು. ಸಿಟ್ಟಿರಲಿಲ್ಲ. "ಇಳೀಬೇಕಂದ್ರ ನೀವು ಕಲ್ಲು ಅಂದಿದ್ದು ಕಲ್ಲಽ ಅಂತ ನನ್ನ ಮೈ ನಂಬಬೇಕು. ಇನ್ನ ನಂಬೂದಿಲ್ರಿ ಅದು. ನಾ ಹೇಳಿದ್ರೂ ಕೇಳೂದಿಲ್ಲ."

ಜೀಪಿನವರೆಗೆ ಅವನು ಸೈಕಲ್ ತಳ್ಳಿಕೊಂಡು ಬಂದ. ನಾವೂ ತಳ್ಳಿಕೊಂಡೇ ಬಂದೆವು. ದಾರಿಯಲ್ಲಿ ಒಂದು ನಿಜವಾದ ಕಲ್ಲು ಇತ್ತು. ಕೂಗಬೇಕೋ ಬೇಡವೋ ಎಂದು ಮೂವರೂ ನೋಡುತ್ತ ನಿಂತೆವು. ಅವನು ಎಡವಿ, ಸಾವರಿಸಿಕೊಂಡು ನಡೆದ.

ಅವನು ಮತ್ತೆ ಬರಲಿಲ್ಲ. ಬೇರೆಯವರನ್ನು ಸೇರಿಸಿಕೊಳ್ಳುವ ಮಾತನ್ನು ನಾವು ಯಾರೂ ಎತ್ತಲಿಲ್ಲ; ತಂಡ ನಿಂತುಹೋಯಿತು. ರಾಘಣ್ಣ ಈಗ ಡಾಂಬರು ರಸ್ತೆಯಲ್ಲಿ ನಡೆಯುತ್ತಾರಂತೆ. ಬಸು ಮೊದಲೇ ಕಡಿಮೆ ಮಾತಿನವನು, ಈಗ ಹಬ್ಬಕ್ಕೊಮ್ಮೆ ಶುಭಾಶಯ ಕಳಿಸುತ್ತಾನೆ. ನನ್ನ ಸೈಕಲ್ಲನ್ನು ಅಕ್ಕನ ಮಗಳು ಒಯ್ದಳು. ಸವಣೂರಿಗೆ ಹೋಗಬೇಕೆಂದು ಎಷ್ಟೋ ಸಲ ಅಂದುಕೊಂಡೆ. ಅಂದುಕೊಳ್ಳುವುದರಲ್ಲಿ ನನಗೆ ಒಳ್ಳೆಯ ಅಭ್ಯಾಸವಿದೆ.

ಪಂಕ್ಚರ್ ಅಂಗಡಿಯ ಕಟ್ಟೆಯ ಮೇಲೆ ಕುಳಿತೇ ಫೋನು ಮಾಡಿದೆ. ನಂಬರು ಬದಲಾಗಿರಲಿ ಎಂದು ಒಳಗೊಳಗೇ ಆಸೆಯೂ ಇತ್ತು.

"ಅಕ್ಕಾರ" ಎಂದ ಅನ್ವರ್, ನಾನು ಹೆಸರು ಹೇಳುವ ಮೊದಲೇ ದನಿ ಗುರುತಿಸಿ. ಈಗ ಸೂಜಿಯ ಕಣ್ಣಿನಷ್ಟು ಬೆಳಕು ಉಳಿದಿದೆಯಂತೆ. ಗಾದಿಯನ್ನು ಕೈಯಿಂದಲೇ ಹೊಲಿಯುತ್ತಾನಂತೆ, ಹೊಲಿಗೆ ಮೊದಲಿಗಿಂತ ನೆಟ್ಟಗಿದೆ ಎಂದು ಗಿರಾಕಿಗಳು ಹೇಳುತ್ತಾರಂತೆ, ಸುಳ್ಳೇ ಇರಬೇಕು ಎಂದು ನಕ್ಕ. ನನಗೆ ನಗಲಾಗಲಿಲ್ಲ. ಆಮೇಲೆ ಕೇಳಿದ.

"ಆಡೂರ ಇಳಕಲ ಹೆಂಗೈತ್ರಿ?"

ಹೋದ ತಿಂಗಳು ವಿದ್ಯಾರ್ಥಿಗಳಿಗೆ ಶಾಸನ ತೋರಿಸಲು ಆಡೂರಿಗೆ ಹೋಗಿದ್ದಾಗ ಅದನ್ನು ನೋಡಿದ್ದೆ. ಗರಸಿಗಾಗಿ ಗುಡ್ಡವನ್ನು ಅಗೆದಿದ್ದರು. ಹುಡುಗರು ಬಸ್ಸಿನಲ್ಲಿ ಕಾಯುತ್ತಿದ್ದರೂ ನಾನು ಬಹಳ ಹೊತ್ತು ಅಲ್ಲಿ ನಿಂತಿದ್ದೆ. ಈಗ ‘ಹಂಗಽ ಐತಿ’ ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಸಲೀಸಾಗಿ ಬಂದಿತ್ತೆಂದರೆ ನನಗೇ ಹೆದರಿಕೆಯಾಯಿತು.

"ಇಲ್ಲ ಅನ್ವರ್. ಗುಡ್ಡ ಕಡದಾರ. ಇಳಕಲ ಉಳದಿಲ್ಲ."

ಆ ಕಡೆ ಯಾರೋ ಹತ್ತಿ ಬಡಿಯುವ ಸದ್ದು ಕೇಳುತ್ತಿತ್ತು.

"ನೆತ್ತಿ ಮ್ಯಾಲಿನ ಕರೀ ಬಂಡೆಗಲ್ಲು?"

"ಇಲ್ಲ."

"ಅದರ ಕೆಳಗ, ಬಲಕ್ಕ, ಎರಡು ಹುತ್ತ ಇದ್ವಲ್ರಿ."

"ಅವೂ ಇಲ್ಲ."

"ತಿರುವಿನ್ಯಾಗಿನ ಮುತ್ತಲ ಗಿಡ?"

"ಅದೈತಿ. ಬೇರು ಹೊರಗ ಬಂದಾವು. ಅದೊಂದಽ ನಿಂತೈತಿ."

ಹೀಗೆ ಒಂದೊಂದನ್ನೇ ಕೇಳುತ್ತ ಹೋದ. ಮೇಲಿನಿಂದ ಕೆಳಕ್ಕೆ, ಗಾಲಿ ಮುಟ್ಟುವ ಕ್ರಮದಲ್ಲಿ ಕೇಳುತ್ತಿದ್ದಾನೆಂದು ನನಗೆ ತಿಳಿದದ್ದು ತಡವಾಗಿ. ನಾನು ನೋಡಿದ್ದನ್ನು ಇದೆ ಅಂದೆ, ಇಲ್ಲದ್ದನ್ನು ಇಲ್ಲ ಅಂದೆ, ನೋಡದ್ದನ್ನು ನೋಡಿಲ್ಲ ಅಂದೆ. ಇಲ್ಲ ಎನ್ನುವುದೇ ಹೆಚ್ಚಾಯಿತು.

"ಕೆಳಗಿನ ಹಳ್ಳ?"

"ಐತಿ. ನೀರಿಲ್ಲ."

"ಹಂ" ಎಂದ. ಇಳಿದು ಕಾಲು ಊರಿದವರು ಬಿಡುವಂಥ ಉಸಿರು ಕೇಳಿಸಿತು, ಅಥವಾ ನನಗೆ ಹಾಗೆ ಕೇಳಬೇಕಿತ್ತು, ಪ್ರಮಾಣ ಮಾಡಲಾರೆ. ಅಷ್ಟೂ ಹೊತ್ತಿನಲ್ಲಿ ಅವನು ‘ಖರೇನ ಏನ್ರಿ’ ಎಂದು ಒಮ್ಮೆಯೂ ಕೇಳಲಿಲ್ಲ.