ದೇವರ ಟಗರಿಗೆ ಹಗ್ಗ

ನಮ್ಮ ಚರ್ಚಿನ ಕೀಲಿಕೈ ನನ್ನ ಬಳಿ ಇರುವುದಕ್ಕೆ ಕಾರಣ ಇಷ್ಟೇ: ಚರ್ಚಿನ ಗೋಡೆಗೂ ನನ್ನ ಮನೆಯ ಗೋಡೆಗೂ ನಡುವೆ ಒಂದು ಆಡು ನುಸುಳುವಷ್ಟು ಜಾಗವಿದೆ. ಇರಕಲ್ಲಗಡದಿಂದ ತುಸು ಒಳಗಿರುವ ನಮ್ಮ ಊರಿನಲ್ಲಿ ಕ್ರೈಸ್ತರ ಮನೆಗಳು ಬೆರಳೆಣಿಕೆಯಷ್ಟು. ತಗಡಿನ ಮಾಡಿನ ಒಂದೇ ಕೋಣೆ ನಮ್ಮ ಚರ್ಚು. ಪಾಸ್ಟರ್ ಭಾನುವಾರ ಕೊಪ್ಪಳದಿಂದ ಬೈಕಿನಲ್ಲಿ ಬಂದು, ಆರಾಧನೆ ಮುಗಿಸಿ, ಇನ್ನೊಂದು ಊರಿನ ಆರಾಧನೆಗೆ ಓಡುತ್ತಾರೆ. ಉಳಿದ ದಿನ ಕಸ ಗುಡಿಸುವುದು, ಚಾಪೆ ಕೊಡವುವುದು, ಗುಬ್ಬಿಗಳ ಜೊತೆ ಜಗಳವಾಡುವುದು ನನ್ನ ಪಾಲಿಗೆ. ಮಿಕ್ಕ ಹೊತ್ತು ಹೊಲಿಗೆ ಯಂತ್ರದ ಮುಂದೆ ಕೂತು ಊರ ಹೆಂಗಸರ ಜಂಪರು ಹೊಲಿಯುತ್ತೇನೆ. ದೇವರದು ಎಂದು ಕೈಗೆ ಕೊಟ್ಟದ್ದನ್ನು ಕಾಯುವುದು ಎಷ್ಟು ಕಷ್ಟವೆಂದು ನಾನು ಕಲಿತದ್ದು ಒಂದು ಟಗರಿನಿಂದ.

ಕೆಲವು ವರ್ಷಗಳ ಹಿಂದಿನ ಮಾತು. ಬೇಸಿಗೆಯಲ್ಲಿ ಒಂದು ಸಂಜೆ ಆಲಿಕಲ್ಲು ಸಹಿತ ಮಳೆ ಬಂತು. ಊರ ಹೊರಗೆ ಕುರಿ ತರುಬಿ ಬೀಡು ಬಿಟ್ಟಿದ್ದ ಒಬ್ಬ ಮುದುಕ ಎಳೆಯ ಮರಿಗಳನ್ನೆಲ್ಲ ಕಂಬಳಿಯಲ್ಲಿ ಕಟ್ಟಿಕೊಂಡು ಓಡಿ ಬಂದ. ನಾನು ಚರ್ಚಿನ ಬಾಗಿಲು ತೆಗೆದೆ. ಬೆಳಗಾದ ಮೇಲೆ ಚಾಪೆ ತೊಳೆಯಲು ನಮಗೆ ಅರ್ಧ ದಿನ ಹಿಡಿಯಿತು, ಅದು ಬೇರೆ ಮಾತು. ಹೋಗುವಾಗ ಮುದುಕ ಒಂದು ಗಂಡು ಮರಿಯನ್ನು ನನ್ನ ಕೈಗಿಟ್ಟ.

"ಇದು ನಿಮ್ಮ ದೇವರಿಗೆ ಬಿಟ್ಟಿದ್ದವ್ವಾ. ನನ್ನ ಮರಿ ಉಳಿಸ್ಯಾನ, ಅದಕ್ಕ," ಅಂದ.

ಪಾಸ್ಟರ್ ಮರಿಗಾಗಿ ಪ್ರಾರ್ಥನೆ ಮಾಡಿ, ಸುಗ್ಗಿಯ ಹಬ್ಬದವರೆಗೆ ಸಾಕಲು ನನಗೇ ಒಪ್ಪಿಸಿದರು. ಸುಗ್ಗಿಯ ಹಬ್ಬದಲ್ಲಿ ನಮ್ಮವರು ಜೋಳ, ಕುಂಬಳಕಾಯಿ, ಕೋಳಿ, ತತ್ತಿ ಏನಿದ್ದರೂ ತಂದು ದೇವರಿಗೆ ಅರ್ಪಿಸುತ್ತಾರೆ. ಆಮೇಲೆ ಅವನ್ನು ಸವಾಲು ಕೂಗಿ ಮಾರುತ್ತಾರೆ. ಮರಿ ಅಷ್ಟರಲ್ಲಿ ಟಗರಾಗಿರುತ್ತದೆ ಎಂದು ಎಲ್ಲರೂ ಖುಷಿಪಟ್ಟರು. ಖುಷಿ ಅವರದು, ಮೇವು ತರುವ ಕೆಲಸ ನನ್ನದು.

ಬೇವಿನ ಗಿಡಕ್ಕೆ ಹಗ್ಗ ಹಾಕಿ ಕಟ್ಟಿದೆ. ಮೊದಲ ತಿಂಗಳು ತೊಂದರೆ ಇರಲಿಲ್ಲ. ಆಮೇಲೆ ದಿನಾ ಬೆಳಿಗ್ಗೆ ಹಗ್ಗ ಬಿಚ್ಚಿರುತ್ತಿತ್ತು. ನನ್ನ ಗಂಟೇ ಸಡಿಲವೇನೋ ಎಂದು ಎರಡು ಗಂಟು, ಮೂರು ಗಂಟು ಹಾಕಿದೆ. ಎಷ್ಟು ಹಾಕಿದರೂ ಬಿಚ್ಚಿರುತ್ತಿತ್ತು. ಕಡೆಗೆ ಬಾಗಿಲ ಸಂದಿಯಲ್ಲಿ ನಿಂತು ನೋಡಿದರೆ, ನೀರಿಗೆ ಹೊರಟ ಒಬ್ಬ ಮುದುಕಿ ಕೊಡ ಕೆಳಗಿಟ್ಟು, ಹಗ್ಗ ಬಿಚ್ಚಿ, ಟಗರಿಗೆ ಕೈ ಮುಗಿದು ಹೋಗುತ್ತಿದ್ದಾಳೆ! ನಾನು ಹೊರಗೆ ಬಂದು ಕೂಗಾಡಿದೆ. ಅವಳು ನನ್ನನ್ನೇ ಬೈದಳು.

"ದೇವರಿಗೆ ಬಿಟ್ಟಿದ್ದನ್ನ ಕಟ್ಟಿ ಹಾಕ್ತಿಯೇನ? ಪಾಪ ಸುತ್ತಕೊಂತೈತಿ ನೋಡು!"

ಆಗ ನನಗೆ ಅರ್ಥವಾಯಿತು. ನಮ್ಮ ಕಡೆ ದೇವರಿಗೆ ಬಿಟ್ಟ ಗೂಳಿಯನ್ನಾಗಲಿ ಕೋಣನನ್ನಾಗಲಿ ಯಾರೂ ಕಟ್ಟುವುದಿಲ್ಲ, ಹೊಡೆಯುವುದಿಲ್ಲ. ಅದು ಯಾರ ಹೊಲಕ್ಕೆ ನುಗ್ಗಿದರೂ ಆ ಹೊಲದವರ ಭಾಗ್ಯ. ಕುರಿ ಕಾಯುವ ಮುದುಕ ಹೇಳಿದ್ದು ಊರೆಲ್ಲ ಹಬ್ಬಿತ್ತು. ಯೇಸುವಿಗೆ ಬಿಟ್ಟ ಟಗರಾದರೇನು, ದೇವರು ದೇವರೇ. ಹಾಗಾಗಿ ದಾರಿಹೋಕರೆಲ್ಲ ನನ್ನ ಗಂಟು ಬಿಚ್ಚಿ ಪುಣ್ಯ ಕಟ್ಟಿಕೊಳ್ಳುತ್ತಿದ್ದರು. ಒಂದು ದಿನ ಅದರ ಹಣೆಗೆ ಭಂಡಾರ ಕೂಡ ಹಚ್ಚಿದ್ದರು. ನಾನು ಸೆರಗಿನಿಂದ ಒರೆಸಿ ಸುಮ್ಮನಾದೆ.

ಟಗರು ಮಾತ್ರ ಇದನ್ನೆಲ್ಲ ಬೇಗ ತಿಳಿದುಕೊಂಡಿತು. ದಸರೆ ಬರುವಷ್ಟರಲ್ಲಿ ಅದರ ಕೊಂಬು ಸುರುಳಿ ಸುತ್ತಿ, ಮೈ ಮಿರಮಿರ ಮಿಂಚುತ್ತಿತ್ತು. ನನ್ನ ಗಂಡನ ಅಣ್ಣ, ನಮ್ಮ ಭಾವ, ಸಭೆಯ ಹಿರಿಯರು. ಅವರಿಗಂತೂ ಹಿಗ್ಗೋ ಹಿಗ್ಗು.

"ನೋಡವ್ವಾ, ಊರಾಗಿನ ಮಂದಿ ನಮ್ಮ ದೇವರಿಗೆ ಕೈ ಮುಗಿಯಾಕ ಹತ್ಯಾರ. ನೀ ಯಾಕ ಹಗ್ಗ ಬಿಗಿಯಾಕ ಹೋಗ್ತಿ? ತಾನ ಮೇಯ್ದು ತಾನ ಬೆಳಿಯಾಕ ಹತ್ತೈತಿ," ಅನ್ನುತ್ತಿದ್ದರು.

"ಭಾವಾ, ಮಂದಿ ಕೈ ಮುಗಿಯಾಕ ಹತ್ತಿದ್ದು ಟಗರಿಗೆ," ಅಂದೆ. ಅವರಿಗೆ ಅದು ಹಿಡಿಸಲಿಲ್ಲ.

ಒಂದು ಸಂಜೆ ಟಗರು ತಾನಾಗಿಯೇ ಮನೆಗೆ ಬಂದು ತೇಗಿತು. ಘಾಟು ಬಡಿಯಿತು. ಬಾಯಿ ಮೂಸಿ ನೋಡಿದರೆ ಹಸಿ ಉಳ್ಳಾಗಡ್ಡಿ. ನಮ್ಮ ಓಣಿಯ ಹಿಂದೆ ಉಳ್ಳಾಗಡ್ಡಿ ಸಸಿ ಹಾಕಿದ್ದವಳು ಒಬ್ಬಳೇ.

ಅವಳು ನನಗಿಂತ ನಾಲ್ಕಾರು ವರ್ಷ ದೊಡ್ಡವಳು. ಗಂಡ ತೀರಿಕೊಂಡು ಬಹಳ ಕಾಲವಾಗಿದೆ, ಮಕ್ಕಳಿಲ್ಲ. ವರ್ಷವಿಡೀ ಟಂಟಂ ಆಟೋದಲ್ಲಿ ಕೂತು ಹತ್ತಿ ಬಿಡಿಸಲು, ಕಾರಟಗಿ ಕಡೆಗೆ ಭತ್ತದ ನಾಟಿಗೆ, ಕರೆದಲ್ಲಿಗೆ ಕೂಲಿಗೆ ಹೋಗುತ್ತಾಳೆ. ಹಳ್ಳದ ದಂಡೆಯಲ್ಲಿ ಅವಳಿಗೊಂದು ತುಣುಕು ಮಸಾರಿ ಹೊಲವಿದೆ. ವರ್ಷಕ್ಕೊಮ್ಮೆ ಅಲ್ಲಿ ಉಳ್ಳಾಗಡ್ಡಿ ಹಚ್ಚುತ್ತಾಳೆ. "ಮಂದಿ ಹೊಲದಾಗ ನಾ ಆಳು. ಈ ತುಣುಕಿನ್ಯಾಗ ನಾನ ಗೌಡಶ್ಯಾನಿ," ಎಂದು ನಗುತ್ತಿದ್ದಳು. ಆ ಹೊಲಕ್ಕೆ ಹಚ್ಚಬೇಕಾಗಿದ್ದ ಸಸಿಯ ಮಡಿ ಅವಳ ಮನೆಯ ಹಿತ್ತಿಲಲ್ಲಿತ್ತು.

ಹೋಗಿ ನೋಡಿದೆ. ಮಡಿ ಬೋಳಾಗಿತ್ತು. ಅಂಚಿನಲ್ಲಿ ನಾಲ್ಕು ಎಸಳು ಉಳಿದಿದ್ದವು. ಅವಳು ಆಗಷ್ಟೇ ಕೂಲಿಯಿಂದ ಬಂದು, ಬುತ್ತಿಯ ಗಂಟನ್ನು ಇನ್ನೂ ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದಳು.

"ಯಕ್ಕಾ, ಇದು ನಮ್ಮ ಟಗರಿನ ಕೆಲಸ," ಅಂದೆ.

"ನನ್ನ ಕೆಲಸಾನೂ ಐತಿ ತಂಗಿ. ಮುಂಜಾನಿ ಹೋಗುವಾಗ ಹಗ್ಗ ನಾನ ಬಿಚ್ಚಿದ್ನಿ," ಅಂದಳು. ದನಿಯಲ್ಲಿ ಸಿಟ್ಟೇ ಇರಲಿಲ್ಲ. "ದೇವರು ನನ್ನ ಹಿತ್ತಲಕ್ಕ ಬಂದು ಉಂಡು ಹೋಗ್ಯಾನ. ಇರಲಿ ಬಿಡು. ಈ ವರ್ಷ ಹೊಲ ಬೀಳು ಬಿದ್ರ ಬೀಳಲಿ."

ಮತ್ತೆ ಬೀಜ ಚೆಲ್ಲಿ ಸಸಿ ಮಾಡುವಷ್ಟು ಹದ ಉಳಿದಿರಲಿಲ್ಲ. ಅವಳಿಗೂ ಗೊತ್ತು, ನನಗೂ ಗೊತ್ತು. ಮನೆಗೆ ಬಂದವಳೇ ಟಗರಿಗೆ ಒಂದು ಸರಪಳಿ ಹಾಕಿ, ಚರ್ಚಿನ ಹಳೆಯ ಬೀಗ ಜಡಿದೆ. ದೇವರ ಟಗರಿಗೆ ಕೀಲಿ ಹಾಕಿದವಳು ಎಂದು ಊರವರು ಇವತ್ತಿಗೂ ನನ್ನನ್ನು ಆಡಿಕೊಳ್ಳುತ್ತಾರೆ, ಆಡಿಕೊಳ್ಳಲಿ.

ಯಜಮಾನನೊಬ್ಬ ಪ್ರಯಾಣ ಹೊರಡುವಾಗ ಆಳುಗಳ ಕೈಗೆ ತನ್ನ ಆಸ್ತಿ ಒಪ್ಪಿಸಿ ಹೋಗಿ, ತಿರುಗಿ ಬಂದು ಲೆಕ್ಕ ಕೇಳಿದ ಸಾಮ್ಯದ ಕಥೆಯನ್ನು ಪಾಸ್ಟರ್ ಆಗಾಗ ಹೇಳುತ್ತಾರೆ. ಕೊಟ್ಟದ್ದನ್ನು ಎರಡರಷ್ಟು ಮಾಡಿದವನು ಜಾಣ, ಹೂತಿಟ್ಟವನು ಮೈಗಳ್ಳ ಎಂದಷ್ಟೇ ನಾನು ತಿಳಿದುಕೊಂಡಿದ್ದೆ. ಆ ಲೆಕ್ಕದಲ್ಲಿ ನಾನು ಬಲು ಜಾಣೆಯೇ. ಅಂಗೈಯಗಲದ ಮರಿಯನ್ನು ಆಳೆತ್ತರ ಜಿಗಿಯುವ ಟಗರು ಮಾಡಿದ್ದೆ. ಆದರೆ ಯಜಮಾನನ ಆಸ್ತಿ ಪಕ್ಕದವಳ ಆಸ್ತಿಯನ್ನು ತಿಂದು ಬೆಳೆದರೆ ಆಳು ಏನು ಹೇಳಬೇಕು? ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತಲ್ಲ. ಟಗರನ್ನೇ ಅವಳಿಗೆ ಕೊಟ್ಟುಬಿಡೋಣವೆಂದರೆ ಅದು ನನ್ನದಲ್ಲ. ಕೊಡದೆ ಇರೋಣವೆಂದರೆ ಮನಸ್ಸು ಒಪ್ಪುತ್ತಿಲ್ಲ. ಪಾಸ್ಟರಿಗೆ ಫೋನು ಮಾಡಿದೆ.

"ಅಕ್ಕಾರ, ಟಗರು ಯಾರದು?" ಅಂದರು. ಪ್ರಶ್ನೆ ಕೇಳಿದರೆ ಪ್ರಶ್ನೆಯನ್ನೇ ಕೊಡುವುದು ಅವರ ಚಟ.

"ದೇವರದ್ರಿ."

"ಆ ಹೆಣ್ಣುಮಗಳ ಮಡಿ ಯಾರದು?"

"ಆಕೀದು."

"ಆಕಿಗೆ ಕೊಟ್ಟವರು ಯಾರ್ರಿ?"

ಟಗರನ್ನು ಮಾತ್ರ ದೇವರದೆಂದು ಎಣಿಸಿ, ಅವಳ ಮಡಿಯನ್ನು ಅವನ ಕೈಯಿಂದ ಹೊರಗಿಟ್ಟಿದ್ದೆನಲ್ಲ ಎಂದು ನಾಚಿಕೆಯಾಯಿತು.

ಭಾನುವಾರ ಪ್ರಕಟಣೆಗಳ ಹೊತ್ತಿಗೆ ಎದ್ದು ನಿಂತೆ. ನಮ್ಮಲ್ಲಿ ಆ ಹೊತ್ತಿನಲ್ಲಿ ಹೆಂಗಸರು ಮಾತಾಡುವ ರೂಢಿಯಿಲ್ಲ. ನಮ್ಮ ಮನೆಗಳಲ್ಲಿ ಇನ್ನೊಂದು ರೂಢಿಯಿದೆ: ಹೊಲದಲ್ಲಿ ಏನೇ ಹಚ್ಚಲಿ, ಒಂದು ಸಾಲನ್ನು ದೇವರ ಸಾಲೆಂದು ಗುರುತಿಟ್ಟು, ಅದರ ಬೆಳೆಯನ್ನು ಸುಗ್ಗಿಯ ಹಬ್ಬಕ್ಕೆ ತರುತ್ತಾರೆ. ಆ ಸಾಲಿಗೆಂದು ಒಳ್ಳೆಯ ಅಗಿ, ಅಂದರೆ ಸಸಿಗಳನ್ನೇ, ಆರಿಸಿ ತೆಗೆದಿಡುತ್ತಾರೆ. ನಡೆದದ್ದನ್ನೆಲ್ಲ ಹೇಳಿ, "ಈ ಸಲ ದೇವರ ಸಾಲಿನ ಉಳ್ಳಾಗಡ್ಡಿ ಅಗಿ ಆಕೀ ಹೊಲಕ್ಕ ಕೊಡ್ರಿ," ಅಂದೆ.

ಭಾವ ಕೂತಲ್ಲಿಂದಲೇ ಹೇಳಿದರು: "ದೇವರಿಗೆ ಅಂತ ತೆಗೆದಿಟ್ಟಿದ್ದನ್ನ ಮಂದಿಗೆ ಕೊಡಾಕ ಬರತೈತೇನು? ಆಕೀನ ಬ್ಯಾಡ ಅಂದಮ್ಯಾಲ ನಿಂದೇನು?"

"ಭಾವಾ, ದೇವರ ಟಗರು ತಿಂದಿದ್ದನ್ನ ದೇವರ ಅಗೀಲೆ ತೀರಸಾಕ ಬರಂಗಿಲ್ಲೇನ್ರಿ? ನಾಳೆ ದೇವರು ಬಂದು ಲೆಕ್ಕ ಕೇಳಿದ್ರ, ನಿನ್ನ ಹೆಸರ ಮ್ಯಾಲೆ ಒಬ್ಬ ಬಡವಿ ಮಡಿ ಮೇಯ್ಸಿ ನಿನ್ನ ಟಗರು ದಪ್ಪ ಮಾಡೀವಿ ಅಂತ ಹೇಳೂಣೇನು? ನೀವು ಹೇಳ್ರಿ, ನನಗ ಬಾಯಿ ಬರಂಗಿಲ್ಲ."

ಹೆಂಗಸರ ಕಡೆಯಿಂದ ಯಾರೋ ಕಿಸಕ್ಕೆಂದು ನಕ್ಕರು. ಪಾಸ್ಟರ್ ತಲೆ ತಗ್ಗಿಸಿ ಕನ್ನಡಕ ಒರೆಸಿಕೊಂಡರು.

ಮರುದಿನ ಬೆಳಿಗ್ಗೆ ಮನೆಮನೆಯಿಂದ ಸಸಿಯ ಕಟ್ಟುಗಳು ನನ್ನ ಅಂಗಳಕ್ಕೆ ಬಂದವು. ಕೆಲವು ಹಸಿರು, ಕೆಲವು ಬಾಡಿದ್ದವು. ಕೊಡುವಾಗ ಮನುಷ್ಯರು ಮನುಷ್ಯರೇ. ಭಾವ ಎಲ್ಲರಿಗಿಂತ ದೊಡ್ಡ ಕಟ್ಟು ತಂದು, ಮುಖ ಗಂಟು ಹಾಕಿಕೊಂಡು, ನನ್ನ ಕಡೆ ನೋಡದೆ ಕೆಳಗಿಟ್ಟರು. ಎಲ್ಲರೂ ಸೇರಿ ಹಳ್ಳದ ದಂಡೆಗೆ ಹೋದೆವು. ಸುದ್ದಿ ಕೇಳಿ ಅವಳು ಓಡುತ್ತಾ ಬಂದು ಬದುವಿನ ಮೇಲೆ ಅಡ್ಡ ನಿಂತಳು.

"ಬ್ಯಾಡ್ರಿ, ಕೈ ಮುಗಿತೀನಿ. ದೇವರು ತಿಂದಿದ್ದನ್ನ ತಿರುಗಿ ಇಸಗೊಂಡ್ರ ನನಗ ಛಲೋ ಆಗಂಗಿಲ್ಲ. ಮೊದಲ ಒಬ್ಬಾಕಿ ಅದೀನಿ. ನನಗೇನರ ಆದ್ರ ಯಾರು ಕೇಳ್ತಾರ?"

ಅವಳು ನಿಜವಾಗಿಯೂ ಹೆದರಿದ್ದಳು. ಇಷ್ಟು ಹೊತ್ತು ನಾನು ಸಸಿ ಕೂಡಿಸುವುದೇ ದೊಡ್ಡದೆಂದುಕೊಂಡಿದ್ದೆ. ಅವಳು ಬೇಡವೆಂದರೆ ಆ ತುಣುಕು ಬೀಳು ಬೀಳುತ್ತದೆ, ವರ್ಷಪೂರ್ತಿ ಅವಳು ಮಂದಿಯ ಹೊಲದಲ್ಲಿ ಬರೀ ಆಳಾಗಿ ಉಳಿಯುತ್ತಾಳೆ. ಅದೂ ನಮ್ಮ ದೇವರ ಹೆಸರಿನಲ್ಲಿ. ಅದನ್ನು ನೆನೆದು ನನಗೆ ಅಳು ಬಂದುಬಿಟ್ಟಿತು.

"ಯಕ್ಕಾ, ದೇವರು ತಿಂದಿಲ್ಲ. ಟಗರು ತಿಂದೈತಿ," ಅಂದೆ. "ಅದನ್ನ ಕಾಯಾಕ ನನಗ ಇಟ್ಟಾನ. ನೀ ಇದನ್ನ ಇಸಗೊಳ್ಳಲಿಲ್ಲ ಅಂದ್ರ ಅವನ ಮುಂದ ತಪ್ಪಿನಾಕಿ ಆಗಿ ನಿಂದ್ರಾಕಿ ನಾನು. ನಿನಗೇನೂ ಆಗಂಗಿಲ್ಲ."

ಅವಳು ನನ್ನ ಮುಖವನ್ನೇ ನೋಡಿದಳು.

"ನಿನಗ ತ್ರಾಸ ಆಕ್ಕತೇನ?"

"ಆಕ್ಕತಿ."

"ಹಂಗಾದ್ರ ಹಚ್ಚ್ರಿ ಮತ್ತ. ನನ್ನ ಸಲುವಾಗಿ ನೀ ಯಾಕ ತಪ್ಪಿನಾಕಿ ಆಗ್ತಿ?" ಎಂದು ಬದುವಿನಿಂದ ಇಳಿದಳು. ನಾನು ಅವಳಿಗೆ ಉಪಕಾರ ಮಾಡಲು ಹೋಗಿದ್ದೆ. ಅವಳು ನನ್ನನ್ನು ಕಾಪಾಡಲು ಒಪ್ಪಿಕೊಂಡಳು.

ಸಾಲಿಗೊಬ್ಬರಂತೆ ಬಗ್ಗಿದೆವು. ನನಗೆ ಹೊಲಿಗೆಯ ಸೂಜಿ ಹಿಡಿದು ಗೊತ್ತೇ ಹೊರತು ಸಸಿ ಹಚ್ಚಿ ಗೊತ್ತಿಲ್ಲ. ನಾನು ಊರಿದ್ದು ಅಡ್ಡಾದಿಡ್ಡಿಯಾಗುತ್ತಿತ್ತು; ಅವಳು ಹಿಂದಿನಿಂದ ಬಂದು ನನ್ನನ್ನು ಬೈಯುತ್ತಾ ನೆಟ್ಟಗೆ ಮಾಡುತ್ತಿದ್ದಳು. ಬೈಯುವ ದನಿಯಲ್ಲಿ ಗೌಡಶ್ಯಾನಿ ಮರಳಿ ಬಂದಿದ್ದಳು. ಭಾವನಿಗೂ ಒಂದೆರಡು ಬೈಗಳು ಬಿದ್ದವು. ಬಿಸಿಲೇರಿತು. ಹೊಲ ಮುಕ್ಕಾಲು ತುಂಬಿದಾಗ ಅವಳು ನನ್ನ ಪಕ್ಕದ ಸಾಲಿಗೆ ಬಂದು ಕುಕ್ಕರಗಾಲಲ್ಲಿ ಕೂತಳು.

"ತಂಗಿ, ನಿಮ್ಮ ದೇವರು ಭಾಳ ಲೆಕ್ಕದಾಂವ ಕಾಣ್ತಾನ."

"ಹೌದು ಯಕ್ಕಾ."

"ಒಂದು ಮಡಿ ಅಗಿನೂ ಬಿಡಂಗಿಲ್ಲ?"

"ಬಿಡಂಗಿಲ್ಲ."

ಅವಳು ಇನ್ನೊಂದು ಸಸಿ ಊರಿದಳು. ಬುಡಕ್ಕೆ ಮಣ್ಣು ಒತ್ತಿದಳು. ಆಮೇಲೆ ತಲೆ ಎತ್ತದೆಯೇ, ತನಗೆ ತಾನೇ ಹೇಳಿಕೊಂಡಂತೆ ಅಂದಳು:

"ಹಂಗಾದ್ರ ಆ ಲೆಕ್ಕದಾಗ ನಾನೂ ಅದೀನಿ ಅನ್ನು."

"ಅದೀ ಯಕ್ಕಾ," ಅಂದೆ.