ಗ್ಲೌಸ್ ಹಾಕಿ ಒತ್ತಿದ್ರೆ ಆಗ್ತದಾ

ನಮ್ಮ ಅಂಗಡಿಯಲ್ಲಿ ಗಿರಾಕಿಗಳ ಎದುರು ಆಡಬಾರದ ಒಂದು ಮಾತಿದೆ: ‘ಮಾಫಿ ಮಾಲೂಮ್’. ಗೊತ್ತಿಲ್ಲ ಅಂತ ಅರ್ಥ. ಕೆಲಸಕ್ಕೆ ಸೇರಿದ ದಿನವೇ ಮ್ಯಾನೇಜರ್ ಹೇಳಿದ್ದರು. ಸಾಮಾನು ಇಲ್ಲದಿದ್ದರೆ ನಾಳೆ ಬರುತ್ತದೆ ಅನ್ನು, ಆದರೆ ಗೊತ್ತಿಲ್ಲ ಅನ್ನಬೇಡ, ಗೊತ್ತಿಲ್ಲದವನ ಕೈಯಿಂದ ಯಾರೂ ಏನನ್ನೂ ಕೊಳ್ಳುವುದಿಲ್ಲ ಎಂದು. ಈ ಪಾಠವನ್ನು ನಾನು ಎಷ್ಟು ಚೆನ್ನಾಗಿ ಕಲಿತೆನೆಂದರೆ, ಹನ್ನೊಂದು ವರ್ಷಗಳಲ್ಲಿ ಮನೆಯಲ್ಲಿ ಹೆಂಡತಿ ಕೇಳಿದ್ದಕ್ಕೂ ಗೊತ್ತಿಲ್ಲ ಎಂದ ನೆನಪಿಲ್ಲ. ಇದನ್ನು ಬರೆಯುತ್ತಿರುವುದು ಮ್ಯಾನೇಜರರ ತಲೆಗೆ ತಪ್ಪು ಕಟ್ಟಲಿಕ್ಕಲ್ಲ. ಗೊತ್ತಿಲ್ಲ ಅನ್ನಬೇಡ ಎಂದಿದ್ದರೇ ಹೊರತು ಸುಳ್ಳು ಹೇಳು ಎಂದಿರಲಿಲ್ಲ. ಅದನ್ನು ಸೇರಿಸಿಕೊಂಡವನು ನಾನೇ.

ಅಂಗಡಿ ಇರುವುದು ದೋಹಾದಲ್ಲಿ, ಮರಳುಗಾಡಿಗೆ ಹೋಗುವವರ ಸಾಮಾನಿನದ್ದು. ಡೇರೆ, ಹೂತ ಕಾರು ಎಳೆಯುವ ಹಗ್ಗ, ಇದ್ದಿಲಿನ ಒಲೆ, ಟಾರ್ಚು, ಮೀನಿನ ಗಾಳ. ಗಾಜಿನ ಕಪಾಟಿನೊಳಗೆ ಕೈಯಲ್ಲಿ ಹಿಡಿಯುವ ಜಿಪಿಎಸ್‌ಗಳು. ಮೊಬೈಲಿಗೆ ಸಿಗ್ನಲ್ ಸಿಗದ ಕಡೆ ದಾರಿ ತೋರಿಸುವ ಸಾಧನ ಅದು. ಆ ಕಪಾಟು ನನ್ನ ಸುಪರ್ದಿಗೆ. ಮುಶೈರಿಬ್‌ನ ಒಂದು ಆಫೀಸಿನಲ್ಲಿ ಎರಡು ದಿನ ತರಬೇತಿ ಕೊಟ್ಟು ನನಗೊಂದು ಸರ್ಟಿಫಿಕೇಟ್ ಕೊಟ್ಟಿದ್ದರು. ಅದಕ್ಕೆ ಕಟ್ಟು ಹಾಕಿಸಿ ಕೌಂಟರಿನ ಹಿಂದೆ ತೂಗುಹಾಕಿದ್ದೆ. ಎರಡು ದಿನದಲ್ಲಿ ಒಂದು ದಿನ ಊಟ, ಫೋಟೋಗಳಲ್ಲೇ ಮುಗಿದದ್ದು ಆ ಕಟ್ಟಿನಲ್ಲಿ ಕಾಣುವುದಿಲ್ಲ.

ಡಿಸೆಂಬರಿನಲ್ಲಿ ಒಂದು ಬೆಳಿಗ್ಗೆ ಕಾಕ ಬಂದರು. ಕಾಕ ನನ್ನ ಸಂಬಂಧಿಕರಲ್ಲ. ಅವರು ವಿಟ್ಲ ಕಡೆಯ ಬ್ಯಾರಿ, ನಾನು ಕುಂದಾಪುರದವನು. ಅವರ ತುಳು ನನಗೆ ಅಷ್ಟಕ್ಕಷ್ಟೆ, ಹಾಗಾಗಿ ನಮ್ಮ ಮಾತು ಕನ್ನಡದಲ್ಲೇ. ಅಲ್ ಖೋರ್‌ನ ಒಂದು ದೊಡ್ಡ ಮನೆಯಲ್ಲಿ ಅವರು ಮೂವತ್ತು ವರ್ಷದಿಂದ ಡ್ರೈವರ್. ಆದರೆ ಆ ಮನೆಯವರು ಅವರನ್ನು ಡ್ರೈವರ್ ಎಂದು ಕರೆಯುತ್ತಿರಲಿಲ್ಲ, ‘ದಲೀಲ್’ ಎನ್ನುತ್ತಿದ್ದರು. ದಾರಿ ತೋರಿಸುವವ. ಚಳಿಗಾಲದಲ್ಲಿ ಮನೆಮಂದಿ ಮರಳುಗಾಡಿನಲ್ಲಿ ಡೇರೆ ಹಾಕಲು ಹೊರಟರೆ ಮುಂದಿನ ಗಾಡಿಯಲ್ಲಿ, ಅರ್ಬಾಬಿನ ಅಂದರೆ ಯಜಮಾನರ ಪಕ್ಕದಲ್ಲಿ, ಜಿಪಿಎಸ್ ಹಿಡಿದು ಕೂರುವುದು ಕಾಕ. ಹಿಂದಿನ ಆರೇಳು ಗಾಡಿಗಳು ಅವರು ಕೈ ತೋರಿಸಿದ ಕಡೆ ತಿರುಗಬೇಕು. ಅರ್ಬಾಬಿನ ಅಣ್ಣತಮ್ಮಂದಿರೂ ತಿರುಗಬೇಕು. ಇದನ್ನು ಕಾಕ ನನಗೆ ಹಲವು ಸಲ ಹೇಳಿದ್ದರು, ನಾನು ಪ್ರತಿ ಸಲವೂ ಮೊದಲ ಸಲ ಕೇಳಿದವನಂತೆ ಕೇಳಿದ್ದೆ.

“ಅರ್ಬಾಬಿನ ಮಗ ಜಾರ್ಜಿಯಾಕ್ಕೆ ಹೋಗ್ತಾನಂತೆ ಮಾರಾಯ್ರೆ, ಐಸಿನ ಮೇಲೆ ಬೈಕ್ ಓಡಿಸ್ಲಿಕ್ಕೆ,” ಎಂದರು. “ನಾನೂ ಬರ್ಬೇಕಂತೆ. ಅಲ್ಲಿಗೆ ಆಗುವಂಥ ಮಶೀನ್ ಒಂದು ನೀನೇ ನೋಡಿ ತಾ ಅಂತ ಹೇಳಿದ್ದಾನೆ. ನನಗೆಂತ ಗೊತ್ತುಂಟು ಐಸಿನದ್ದು? ನೀವು ಹೇಳಿ.”

ಸ್ನೋಮೊಬೈಲ್ ಎಂಬ ಗಾಡಿಯನ್ನು ನಾನು ವಿಡಿಯೋದಲ್ಲಿ ನೋಡಿದ್ದೆ. ಹಿಮವನ್ನು ಮುಟ್ಟಿದವನಲ್ಲ. ಆದರೂ ಕಪಾಟಿನಿಂದ ಎರಡು ಜಿಪಿಎಸ್ ತೆಗೆದು ಕೌಂಟರಿನ ಮೇಲಿಟ್ಟೆ. ಒಂದು ಗುಂಡಿಗಳದ್ದು, ಚಿಕ್ಕ ಪರದೆ, ಪೆನ್ಸಿಲ್ ಸೆಲ್ ಹಾಕುವಂಥದ್ದು. ಕಾಕನ ಕೈಯಲ್ಲಿ ಹದಿನೈದು ವರ್ಷದಿಂದ ಇದ್ದದ್ದು ಅದರ ಅಣ್ಣ. ಇನ್ನೊಂದು ಹೊಸದು, ಅಂಗೈ ಅಗಲದ ಗಾಜು, ಬೆರಳು ಮುಟ್ಟಿಸಿದರೆ ನಕ್ಷೆ ಸರಿಯುವಂಥದ್ದು, ಚಾರ್ಜ್ ಮಾಡುವ ಬ್ಯಾಟರಿ. ಕಾಕ ಹೊಸದನ್ನು ಕೈಗೆತ್ತಿಕೊಂಡು ಅತ್ತಿತ್ತ ತಿರುಗಿಸಿ ನೋಡಿ ಕೇಳಿದರು.

“ಅಲ್ಲಿ ದಪ್ಪದ ಗ್ಲೌಸ್ ಹಾಕ್ಬೇಕಂತಲ್ಲ. ಗ್ಲೌಸ್ ಹಾಕಿ ಒತ್ತಿದ್ರೆ ಇದು ಆಗ್ತದಾ?”

ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ಮನುಷ್ಯ, ಹಿಮ ಕಾಣದ ಮನುಷ್ಯ, ಕೇಳಬೇಕಾದ ಒಂದೇ ಪ್ರಶ್ನೆಯನ್ನು ಸರಿಯಾಗಿ ಕೇಳಿದ್ದರು. ನನಗೆ ಉತ್ತರ ಗೊತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಪುಸ್ತಿಕೆ ಇತ್ತು, ತೆರೆದು ನೋಡಲು ಐದು ನಿಮಿಷ ಸಾಕಿತ್ತು. ಆದರೆ ಹೊಸದಾಗಿ ಸೇರಿದ ಇಬ್ಬರು ಸೇಲ್ಸ್‌ಮನ್‌ಗಳು ಪಕ್ಕದಲ್ಲೇ ನಿಂತು ನನ್ನಿಂದ ಕೆಲಸ ಕಲಿಯುತ್ತಿದ್ದರು. ಅವರ ಎದುರು ಪುಸ್ತಿಕೆ ಬಿಡಿಸುವುದು ನನಗೆ ಆಗಲಿಲ್ಲ. ಒಳಗೊಳಗೇ ಕಾಕನ ಮೇಲೆ ಸಿಟ್ಟೂ ಬಂತು, ಇವರಿಗೇಕೆ ಇಷ್ಟೆಲ್ಲ ಉಸಾಬರಿ ಅಂತ.

“ಆಗ್ತದೆ ಕಾಕ,” ಎಂದೆ.

“ಚಳಿಗೆ ಬ್ಯಾಟರಿ ಸಾಯುದಿಲ್ವಾ?”

“ನಾನೇ ಒಂದು ಇಡೀ ದಿನ ಮನೆಯ ಫ್ರೀಜರಿನಲ್ಲಿ ಇಟ್ಟು ನೋಡಿದ್ದೇನೆ. ಎಂತ ಆಗ್ಲಿಲ್ಲ.”

ನಮ್ಮ ಮನೆಯ ಫ್ರೀಜರಿನಲ್ಲಿ ಅಂಜಲ್ ಮೀನು ಇರುತ್ತದೆ, ತುರಿದ ತೆಂಗಿನಕಾಯಿ ಇರುತ್ತದೆ. ಜಿಪಿಎಸ್ ಯಾವತ್ತೂ ಇದ್ದಿಲ್ಲ. ಆ ಮಾತು ಎಲ್ಲಿಂದ ಬಾಯಿಗೆ ಬಂತೋ! ಕಾಕ ನಕ್ಕರು. “ಮೀನಿನ ಒಟ್ಟಿಗಾ? ನಿಮ್ಮ ಹೆಂಡತಿ ಬೈಲಿಲ್ವಾ?” ಎಂದರು. ಬೈದಳು ಎಂದು ಅದಕ್ಕೂ ಒಂದು ಕಥೆ ಸೇರಿಸಿದೆ. ಇಬ್ಬರೂ ನಕ್ಕೆವು. ಸುಳ್ಳು ಹೇಳಿದ್ದಕ್ಕಿಂತ ಆ ನಗುವನ್ನು ನೆನೆದರೆ ನನಗೆ ಹೆಚ್ಚು ನಾಚಿಕೆಯಾಗುತ್ತದೆ.

ಹೊರಡುವ ಮುಂಚೆ ಕಾಕನ ಕೈ ಇನ್ನೊಮ್ಮೆ ಗುಂಡಿಯದ್ದರ ಕಡೆಗೆ ಹೋಯಿತು. “ಇದಾದ್ರೆ ಕಣ್ಣು ಮುಚ್ಚಿ ಒತ್ಬಹುದು,” ಎಂದು ತಮ್ಮಷ್ಟಕ್ಕೇ ಹೇಳಿಕೊಂಡರು. “ಅದು ಹಳೇ ಕಾಲದವರಿಗೆ ಕಾಕ,” ಎಂದೆ ನಾನು. ಅವರು ಕೈ ಹಿಂದೆ ತೆಗೆದುಕೊಂಡರು. ಹೊಸದನ್ನು ಪ್ಯಾಕ್ ಮಾಡಿ ಕೊಟ್ಟೆ.

ಜನವರಿ ಕೊನೆಗೆ ಅರ್ಬಾಬಿನ ಮಗ ಬಂದ. ಮೂವತ್ತರ ಆಸುಪಾಸಿನ ಯುವಕ, ಮಾತು ಮೆದು. ಹಿಂದೆ ಕಾಕ. ಅವನು ಜಿಪಿಎಸ್ಸನ್ನು ಕೌಂಟರಿನ ಮೇಲಿಟ್ಟು ನಡೆದದ್ದನ್ನು ಇಂಗ್ಲಿಷಿನಲ್ಲಿ ಹೇಳಿದ. ಮಧ್ಯಾಹ್ನ ನಾಲ್ಕು ಸ್ನೋಮೊಬೈಲ್‌ಗಳಲ್ಲಿ ಬೆಟ್ಟದ ಮೇಲೆ ಹೋಗಿದ್ದಾರೆ, ಜೊತೆಗೆ ಅವನ ಇಬ್ಬರು ಮಕ್ಕಳೂ ಇದ್ದರು. ಕಾಕ ಅವನ ಹಿಂದೆ ಕೂತಿದ್ದರು, ಕೈಯಲ್ಲಿ ಜಿಪಿಎಸ್. ಇದ್ದಕ್ಕಿದ್ದಂತೆ ಮಂಜು ಕವಿದು ಎದುರಿನ ಗಾಡಿಯೇ ಕಾಣದಂತಾಯಿತು. ಈಗ ದಾರಿ ಹೇಳು ಅಂದರೆ ಕಾಕ ಒತ್ತುತ್ತಲೇ ಇದ್ದರು, ನಕ್ಷೆ ಅಲುಗಲಿಲ್ಲ. ಗ್ಲೌಸ್ ತೆಗೆದು ಬರಿಗೈಯಲ್ಲಿ ಒತ್ತಿದರು. ಪರದೆಯ ಮೇಲೆ ಹಿಮ ಕರಗಿ ನೀರಾಗಿ ನಕ್ಷೆ ತನ್ನಷ್ಟಕ್ಕೆ ಎಲ್ಲೆಲ್ಲಿಗೋ ಓಡಿತು. ಕಡೆಗೆ ಅರ್ಧ ಚಾರ್ಜ್ ತೋರಿಸುತ್ತಿದ್ದ ಬ್ಯಾಟರಿ ಒಮ್ಮೆಲೇ ಆರಿಹೋಯಿತು. ಅಲ್ಲಿಯವರು ಹುಡುಕಿಕೊಂಡು ಬರುವವರೆಗೆ ಎರಡು ತಾಸು ಮಕ್ಕಳನ್ನು ತಬ್ಬಿಕೊಂಡು ಕೂತಿದ್ದರಂತೆ.

ನಾನು ಜಿಪಿಎಸ್ಸಿಗೆ ಚಾರ್ಜರ್ ಚುಚ್ಚಿದೆ. ಅಂಗಡಿಯ ಎಸಿಯ ತಂಪಿನಲ್ಲಿ ಅದು ಏನೂ ಆಗದಂತೆ ಬೆಳಗಿ ನಿಂತಿತು. ಬೆರಳು ಮುಟ್ಟಿಸಿದೆ, ನಕ್ಷೆ ಸರಿಯಿತು. ಮ್ಯಾನೇಜರ್ ತಮ್ಮ ಕೋಣೆಯಿಂದ ಹೊರಬಂದು ನನ್ನ ಹಿಂದೆ ನಿಂತಿದ್ದರು. ಆಗ ಯುವಕ ಕೇಳಿದ, ಸಿಟ್ಟಿಲ್ಲದೆ, ನಿಜವಾಗಿಯೂ ತಿಳಿಯಬೇಕೆಂದು: ತಪ್ಪು ಮಶೀನಿನದ್ದೋ, ನಮ್ಮವನದ್ದೋ?

“ಮಶೀನ್ ಮಾಫಿ ಮುಶ್ಕಿಲ್ ಸರ್,” ಎಂದೆ. ಮಶೀನಿನದ್ದು ಏನೂ ತೊಂದರೆಯಿಲ್ಲ ಎಂದು.

ಉಳಿದದ್ದನ್ನು ನಾನು ಬಾಯಿಬಿಟ್ಟು ಹೇಳಲಿಲ್ಲ. ಹೇಳುವ ಅಗತ್ಯ ಇರಲಿಲ್ಲ, ಎರಡರಲ್ಲಿ ಒಂದು ಎಂದು ಅವನೇ ಕೇಳಿದ್ದನಲ್ಲ. ಕಾಕನ ಅರಬ್ಬಿ ನನ್ನದಕ್ಕಿಂತ ನೂರು ಪಾಲು ವಾಸಿ, ಆದರೆ ಅವರು ಏನೂ ವಾದಿಸಲಿಲ್ಲ. ಬೆಳಗುತ್ತಿದ್ದ ಪರದೆಯನ್ನೇ ಸ್ವಲ್ಪ ಹೊತ್ತು ನೋಡಿ ತಲೆಯಾಡಿಸಿದರು. ಯುವಕ ಅವರ ಹೆಗಲ ಮೇಲೆ ಕೈಯಿಟ್ಟು, “ಖಲಾಸ್, ನಿನಗೂ ವಯಸ್ಸಾಯಿತು. ಇನ್ನು ಕ್ಯಾಂಪಿನಲ್ಲಿ ಡೇರೆಯ ಹತ್ತಿರ ಇದ್ದು ಚಹಾ ನೋಡಿಕೋ. ದಾರಿಯನ್ನು ಬೇರೆಯವರು ನೋಡಲಿ,” ಎಂದ. ತುಂಬ ಪ್ರೀತಿಯಿಂದಲೇ ಹೇಳಿದ.

ಮೂವತ್ತು ವರ್ಷದ ಮುಂದಿನ ಸೀಟು ಹೋದದ್ದು ಹೀಗೆ, ನನ್ನ ಕೌಂಟರಿನ ಎದುರು, ನನ್ನ ಒಂದು ವಾಕ್ಯದಿಂದ. ನಿಜ ಹೇಳಿದ್ದರೆ ನನ್ನ ಕೆಲಸವೇನೂ ಹೋಗುತ್ತಿರಲಿಲ್ಲ. ಮ್ಯಾನೇಜರ್ ಮುಖ ಗಂಟಿಕ್ಕಿ ಬೇರೆ ಜಿಪಿಎಸ್ ಕೊಟ್ಟು ಕಳಿಸುತ್ತಿದ್ದರು. ಒಂದು ವಾರ ಹುಡುಗರ ಎದುರು ನನ್ನ ತಲೆ ತಗ್ಗುತ್ತಿತ್ತು, ಅಷ್ಟೆ. ಆ ಒಂದು ವಾರದ ಮರ್ಯಾದೆಗಾಗಿ ನಾನು ಸುಮ್ಮನಿದ್ದೆ. ನನ್ನನ್ನು ನಾನು ಹೇಡಿ ಎಂದು ಯಾವತ್ತೂ ಅಂದುಕೊಂಡಿರಲಿಲ್ಲ.

ಅವರು ಹೋದ ಮೇಲೆ ಪುಸ್ತಿಕೆ ಓದಿದೆ. ಎಲ್ಲ ಬರೆದಿತ್ತು. ದಪ್ಪ ಗ್ಲೌಸ್ ಹಾಕಿದರೆ ಪರದೆ ಸ್ಪಂದಿಸದೆ ಇರಬಹುದು, ಒದ್ದೆಯಾದರೆ ತಪ್ಪು ಓದಬಹುದು, ಚಳಿಯಲ್ಲಿ ಬ್ಯಾಟರಿ ಬೇಗ ಇಳಿಯಬಹುದು. ಗುಂಡಿಯದ್ದಕ್ಕೆ ಚಳಿ ತಡೆಯುವ ಲಿಥಿಯಂ ಸೆಲ್ ಹಾಕಿದ್ದರೆ ಅವರು ಕತ್ತಲಾಗುವ ಮುಂಚೆಯೇ ಹೋಟೆಲಿನಲ್ಲಿ ಇರುತ್ತಿದ್ದರು. ಕಾಕನ ನಂಬರು ನನ್ನ ಫೋನಿನಲ್ಲಿತ್ತು. ಅರ್ಬಾಬಿನ ಮಗನ ನಂಬರು ಬಿಲ್ಲಿನ ಮೇಲಿತ್ತು. ಇವತ್ತು ಬೇಡ, ನಾಳೆ ಮಾಡುತ್ತೇನೆ ಎಂದುಕೊಂಡು ಎರಡು ವಾರ ಕಳೆದೆ.

ಒಂದು ಶುಕ್ರವಾರ ಸಂಜೆ, ಅಸರ್ ನಮಾಜು ಮುಗಿಸಿ, ಕಾಕ ಒಬ್ಬರೇ ಬಂದರು. ಅಲ್ ಖೋರ್‌ನಿಂದ ಅಷ್ಟು ದೂರ ತಮ್ಮ ರಜೆಯ ದಿನ ಇದಕ್ಕೇ ಬಂದಿದ್ದರು. ಕಂಕುಳಲ್ಲಿ ಒಂದು ನೋಟ್‌ಬುಕ್, ಜೇಬಿನಲ್ಲಿ ಓದುವ ಕನ್ನಡಕ. ನಿಜ ಗೊತ್ತಾಗಿ ಬಯ್ಯಲು ಬಂದಿದ್ದಾರೆ ಎಂದುಕೊಂಡೆ. ಬಯ್ಯಲಿ ಎಂದು ಆಸೆಯೂ ಆಯಿತು.

“ಒಂದು ಉಪಕಾರ ಆಗ್ಬೇಕಿತ್ತು,” ಎಂದರು. “ಆ ಮಶೀನನ್ನು ನನಗೆ ಸರಿಯಾಗಿ ಕಲಿಸಿ ಕೊಡಿ. ನೀವು ಹೇಳಿದ್ದೆಲ್ಲ ಬರ್ಕೊಳ್ತೇನೆ. ಕ್ಯಾಂಪ್ ಮುಗಿಲಿಕ್ಕೆ ಇನ್ನೂ ಒಂದೂವರೆ ತಿಂಗಳುಂಟು. ಕಲ್ತದ್ದು ಕಂಡ್ರೆ ವಾಪಸ್ ನನ್ನ ಕೈಗೆ ಕೊಟ್ರೂ ಕೊಟ್ರು.”

ಆಗಲೂ ಹೇಳಬಹುದಿತ್ತು. ಕೌಂಟರಿನಲ್ಲಿ ನಾವಿಬ್ಬರೇ ಇದ್ದೆವು, ಹುಡುಗರು ಗೋಡೌನಿಗೆ ಹೋಗಿದ್ದರು. ನಾನು ಕಪಾಟು ತೆರೆದು, ಪ್ರದರ್ಶನಕ್ಕಿಟ್ಟಿದ್ದ ಅದೇ ಮಾದರಿಯ ಜಿಪಿಎಸ್ ತೆಗೆದು, ಅವರಿಗೊಂದು ಸ್ಟೂಲ್ ಹಾಕಿಕೊಟ್ಟೆ. ಪಾಠ ಶುರುಮಾಡಿದೆ. ಮೊದಲು ಇದು, ಆಮೇಲೆ ಇದು. ಕಾಕ ಒಂದೊಂದನ್ನೂ ದೊಡ್ಡ ದೊಡ್ಡ ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡರು. ನಾನು ಹೇಳದಿದ್ದ ಒಂದೆರಡನ್ನು ಅವರೇ ಊಹಿಸಿದರು. ಅವರಿಗೆ ಕಲಿಸಬೇಕಾದದ್ದು ಏನೂ ಇರಲಿಲ್ಲ ಎಂಬುದು ಹತ್ತು ನಿಮಿಷದಲ್ಲೇ ತಿಳಿಯುವಂತಿತ್ತು. ಆದರೂ ನಾನು ಮೇಷ್ಟರ ಗತ್ತಿನಲ್ಲಿ ಹೇಳುತ್ತಲೇ ಹೋದೆ.

“ಈಗ ನೀವೇ ಮಾಡಿ ತೋರಿಸಿ,” ಎಂದು ಜಿಪಿಎಸ್ಸನ್ನು ಅವರ ಎದುರು ಸರಿಸಿದೆ.

ಕಾಕ ಬಲಗೈಯ ತೋರುಬೆರಳು ಚಾಚಿದರು. ಆಗಲೇ ನಾನು ನೋಡಿದ್ದು. ಅಂದು ಗ್ಲೌಸ್ ತೆಗೆದು ಒತ್ತಿದ್ದ ಬೆರಳ ತುದಿ ಹಿಮಕ್ಕೆ ಸುಟ್ಟು ಕಪ್ಪಾಗಿತ್ತು, ಚರ್ಮ ಒಣಗಿ ದಪ್ಪಗಟ್ಟಿತ್ತು. ಅವರು ಒತ್ತಿದರು. ಗಾಜಿಗೆ ಆ ಬೆರಳು ಮುಟ್ಟಿದ್ದೇ ತಿಳಿಯಲಿಲ್ಲ. ಇನ್ನೊಮ್ಮೆ ಒತ್ತಿದರು. ಅಂಗಿಗೆ ಒರೆಸಿಕೊಂಡು ಮೂರನೇ ಸಲ, ಬೆರಳು ಬಾಗುವಷ್ಟು ಬಲವಾಗಿ ಒತ್ತಿದರು. ನಕ್ಷೆ ಇದ್ದಲ್ಲೇ ಇತ್ತು.

ಕಾಕ ಕನ್ನಡಕ ತೆಗೆದು ನನ್ನ ಕಡೆ ನೋಡಿದರು. ಅವರ ಮುಖದಲ್ಲಿ ಒಂದು ಸಮಾಧಾನವೇ ಇತ್ತು.

“ನೋಡಿ ಮಾರಾಯ್ರೆ,” ಎಂದರು. “ಇಲ್ಲಿ ಚಳಿಯೂ ಇಲ್ಲ, ಗ್ಲೌಸೂ ಇಲ್ಲ. ಆದ್ರೂ ನನ್ನ ಕೈಗೆ ಆಗುದಿಲ್ಲ. ನಾನು ಸುಮ್ಮನೆ ಮನಸ್ಸಲ್ಲಿ ನಿಮ್ಮ ಮೇಲೆ ಸ್ವಲ್ಪ ಸಂಶಯ ಪಟ್ಟಿದ್ದೆ. ಬೇಜಾರು ಮಾಡ್ಬೇಡಿ ಆಯ್ತಾ.”

“ಬೇರೆ ಬೆರಳಲ್ಲಿ ಒತ್ತಿ ಕಾಕ,” ಎಂದೆ ನಾನು.